ಎಲುಬು ಕೈಗೆ ಕೊಟ್ಟರೆ ಬಾಯಿ ಕಟ್ಟುತ್ತೆ, ಏನು ಮಾಡ್ಲಿ?

ಓದುಗರ ಪ್ರಶ್ನೆ, ಡಾಕ್ಟರ್ ಮೇಡಂ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೆಡಿಕಲ್ ಓದಿನದ್ದೇ ಜಾಸ್ತಿ. ಮಂಡಿನೋವು, ಕೂದಲು ಉದುರೋದು ಇವನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಮ್ಮದು ಶಿಗ್ಗಾವಿ ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ಎಂಬಿಬಿಎಸ್ ಮೊದಲ ವರ್ಷ. ಓದಿದ್ದು ತಿಳಿಯುತ್ತೆ, ಆದರೆ ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆ) ಎಲುಬು ಕೈಗೆ ಕೊಟ್ಟು ಹೇಳು ಅಂದ್ರೆ ಬಾಯಿ ಕಟ್ಟುತ್ತೆ. ಉಳಿದವರು ಇಂಗ್ಲಿಷಿನಲ್ಲಿ ಪಟಪಟ ಹೇಳ್ತಾರೆ. ಮೊದಲ ಇಂಟರ್ನಲ್‌ನಲ್ಲಿ ಅನಾಟಮಿ (ದೇಹರಚನೆ ಪಾಠ) ಡುಮ್ಕಿ. ಅಪ್ಪನಿಗೆ ಹೇಳಿಲ್ಲ. ಬಿಟ್ಟು ಬಿಎಸ್ಸಿ ಸೇರಲಾ? (ಹೆಸರು ಬೇಡ)

ಉತ್ತರ: ತಂಗಿ, ಬಿಎಸ್ಸಿ ಮಾತು ಸದ್ಯಕ್ಕೆ ಬದಿಗಿಡು. ನಾನು ಅನಾಟಮಿ ಪಾಠ ಮಾಡಿಕೊಂಡೇ ಬಂದವಳು. ಮೊದಲ ಇಂಟರ್ನಲ್‌ನಲ್ಲಿ ಡುಮ್ಕಿ ಹೊಡೆದವರ ಪಟ್ಟಿ ಯಾವ ವರ್ಷವೂ ಸಣ್ಣದಿರೋದಿಲ್ಲ, ಅದರಲ್ಲಿ ಇಂಗ್ಲಿಷ್ ಮೀಡಿಯಂನವರೂ ಇರ್ತಾರೆ, ಪಿಯುಸಿಯಲ್ಲಿ ಕಾಲೇಜಿಗೇ ಮೊದಲು ಬಂದವರೂ ಇರ್ತಾರೆ. ಹಾಗಂತ ಹಗುರವಾಗಿ ತಗೋಬೇಡ. ಮೊದಲ ವರ್ಷದ ಯೂನಿವರ್ಸಿಟಿ ಪರೀಕ್ಷೆ ಪಾಸಾಗಲು ಸಿಗೋದು ಒಟ್ಟು ನಾಲ್ಕೇ ಅವಕಾಶ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಿ ಇಲ್ಲದಿದ್ರೆ ಪರೀಕ್ಷೆಗೇ ಕೂರಿಸೋದಿಲ್ಲ. ಬೇಜಾರಾಯ್ತು ಅಂತ ಹಾಸ್ಟೆಲ್ ರೂಮಿನಲ್ಲಿ ಮಲಗಿಬಿಡೋ ಹುಡುಗಿಯರನ್ನು ನೋಡಿದ್ದೇನೆ, ಅದೊಂದು ಮಾಡಬೇಡ.

ಓದಿದ್ದು ತಿಳಿಯುತ್ತೆ ಅಂತ ನೀನೇ ಬರೆದಿದ್ದೀಯ. ಹಾಗಾದ್ರೆ ಅರ್ಧ ಕೆಲಸ ಆಗಿದೆ. ಮನಸ್ಸಿನಲ್ಲೇ ಓದಿಕೊಂಡವರಿಗೆ ವೈವಾದಲ್ಲಿ ಹೀಗೇ ಆಗೋದು, ಯಾಕಂದ್ರೆ ಆ ಮಾತು ಅವರ ನಾಲಿಗೆ ಮೇಲೆ ಒಂದು ಸಲವೂ ಬಂದಿರೋದಿಲ್ಲ. ಇವತ್ತು ರಾತ್ರಿ ಕ್ಲಾವಿಕಲ್ ಕೈಗೆ ತಗೋ. ಅದೇ, ಎದೆಯಿಂದ ಭುಜಕ್ಕೆ ಅಡ್ಡಡ್ಡ ಹೋಗೋ ಎಲುಬು. ಒಂದು ತುದಿ ಚಪ್ಪಟೆ ಇದೆಯಲ್ಲ, ಅದನ್ನು ಭುಜದ ಕಡೆ ಹಿಡಿ. ಇನ್ನೊಂದು ತುದಿ ದಪ್ಪ, ಅದು ಎದೆಯ ನಡುವಿಗೆ. ಒಂದು ಮೈಯಲ್ಲಿ ಉದ್ದಕ್ಕೆ ಗೀರಿದ ಹಾಗೆ ಹಳ್ಳ ಇದೆ, ಅದು ಕೆಳಗೆ ಬರಬೇಕು. ಎದೆ ಕಡೆಯ ಮೂರರಲ್ಲಿ ಎರಡು ಭಾಗ ಮುಂದಕ್ಕೆ ಉಬ್ಬಿರಬೇಕು. ಇಷ್ಟೂ ಹೊಂದಿದ್ರೆ ಎಲುಬು ನಿನ್ನದೇ ಮೈಗೆ ಹೊಂದಿಸಿ ನೋಡು, ಎಡದ್ದೋ ಬಲದ್ದೋ ತಾನೇ ಗೊತ್ತಾಗುತ್ತೆ. ಈಗ ಅದನ್ನೇ ಗಟ್ಟಿಯಾಗಿ ಹೇಳು: ದಿಸ್ ಈಸ್ ದ ರೈಟ್ ಕ್ಲಾವಿಕಲ್. ದ ಲ್ಯಾಟರಲ್ ಎಂಡ್ ಈಸ್ ಫ್ಲ್ಯಾಟ್. ದ ಗ್ರೂವ್ ಈಸ್ ಆನ್ ದ ಇನ್ಫೀರಿಯರ್ ಸರ್ಫೇಸ್. ಇಷ್ಟು ಸಣ್ಣ ಸಣ್ಣ ವಾಕ್ಯ ಸಾಕು. ವೈವಾ ತಗೊಳ್ಳೋರಿಗೆ ನಿನ್ನ ವ್ಯಾಕರಣ ಬೇಕಿಲ್ಲ. ಎಲುಬು ಸರಿಯಾಗಿ ಹಿಡಿದಿದ್ದೀಯಾ, ಯಾವ ಸ್ನಾಯು ಎಲ್ಲಿ ಅಂಟಿದೆ ಅಂತ ಬೆರಳಿಟ್ಟು ತೋರಿಸ್ತೀಯಾ, ಇದನ್ನು ನೋಡ್ತಾರೆ. ಎಲುಬನ್ನು ತಲೆಕೆಳಗು ಹಿಡಿದು ಸೊಗಸಾದ ಇಂಗ್ಲಿಷ್ ಮಾತಾಡಿದವರನ್ನು ನಾನೇ ಮುಂದಿನ ಸಲ ಬನ್ನಿ ಅಂತ ಕಳಿಸಿದ್ದೇನೆ.

ಇನ್ನೊಂದು. ನಿಮ್ಮ ಬ್ಯಾಚಿನಲ್ಲಿ ಆಲ್ ಇಂಡಿಯಾ ಕೋಟಾದಲ್ಲಿ ಬಂದ ರಾಜಸ್ಥಾನದವರೋ ಕೇರಳದವರೋ ಇದ್ದೇ ಇರ್ತಾರೆ. ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಅವರಿಗೆ ಸ್ವಲ್ಪ ಕನ್ನಡ ಕಲಿಸ್ತಾರೆ, ಊಟ ಆಯ್ತಾ ಅನ್ನೋವರೆಗೆ ಬರುತ್ತೆ. ಮುಂದೆ ವಾರ್ಡಿನಲ್ಲಿ ಕುಂದಗೋಳದ ಅಜ್ಜಿ ‘ಹೊಟ್ಟಿ ಕಡಿಯಾಕತ್ತೇತಿ ನೋಡವ್ವ, ತ್ರಾಣ ಇಲ್ಲ, ಕಣ್ಣಿಗೆ ಕತ್ತಲಿ ಬರತೈತಿ’ ಅಂದಾಗ ಅವರು ಯಾರ ಮುಖ ನೋಡ್ತಾರೆ ಅಂದ್ಕೊಂಡೆ? ಅಂಥವಳೊಬ್ಬಳ ಜೊತೆ ಈಗಲೇ ಜೋಡಿ ಮಾಡ್ಕೋ. ದಿನಾ ಸಂಜೆ ಅವಳು ನಿನಗೆ ವೈವಾ ಕೇಳಲಿ, ನೀನು ಅವಳಿಗೆ ಕನ್ನಡ ಕಲಿಸು. ಬಿಟ್ಟಿ ಟ್ಯೂಷನ್, ಇಬ್ಬರಿಗೂ. ಮತ್ತೆ ಅಪ್ಪನಿಗೆ ಹೇಳಿಬಿಡು. ಇಂಟರ್ನಲ್ ಅಂದ್ರೆ ಕಾಲೇಜಿನ ಒಳಗಿನ ಪರೀಕ್ಷೆ, ವರ್ಷ ಹೋಗಿಲ್ಲ ಅಂತ ಬಿಡಿಸಿ ಹೇಳು. ಇಲ್ಲದಿದ್ರೆ ಅವರು ಸುಮ್ನೆ ಗಾಬರಿ ಆಗ್ತಾರೆ.

ಪ್ರಶ್ನೆ: ಮಗಳು ನೀಟ್ ಪಾಸಾಗಿದ್ದಾಳೆ. ಆದರೂ ಸೀಟು ಸಿಗಲಿಲ್ಲ. ಒಬ್ಬರು ಫೋನ್ ಮಾಡಿ ಈಗಲೇ ಅಡ್ವಾನ್ಸ್ ಕೊಟ್ಟರೆ ಸೀಟು ಕೊಡಿಸ್ತೀನಿ ಅಂತಿದ್ದಾರೆ. ಇಲ್ಲಾಂದ್ರೆ ಧಾರವಾಡದಲ್ಲಿ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಕೋಣ ಅಂತ ನಮ್ಮ ಯಜಮಾನ್ರು. ಏನು ಮಾಡಬೇಕು? (ಒಬ್ಬ ತಾಯಿ, ಅಣ್ಣಿಗೇರಿ)

ಉತ್ತರ: ಅಕ್ಕಾವ್ರೇ, ಫೋನ್ ಮಾಡಿದವನಿಗೆ ಒಂದು ರೂಪಾಯಿಯೂ ಕೊಡಬೇಡಿ. ನಮ್ಮ ರಾಜ್ಯದಲ್ಲಿ ಸರ್ಕಾರಿ ಕಾಲೇಜಿನ ರಾಜ್ಯ ಕೋಟಾ ಸೀಟು, ಖಾಸಗಿ ಕಾಲೇಜಿನ ಸೀಟು, ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ ಸೀಟು ಕೂಡ, ಹಂಚೋದು ಕೆಇಎ, ಅಂದ್ರೆ ರಾಜ್ಯದ ಪರೀಕ್ಷಾ ಪ್ರಾಧಿಕಾರ. ಡೀಮ್ಡ್ ವಿಶ್ವವಿದ್ಯಾಲಯಗಳದ್ದು ದಿಲ್ಲಿಯ ಎಂಸಿಸಿ, ಅಂದ್ರೆ ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ. ನಡುವೆ ಇವನಿಗೇನು ಕೆಲಸ?

ಈಗ ನೀಟ್ ‘ಪಾಸ್’ ವಿಷಯ. ಕ್ವಾಲಿಫೈ ಆಗೋದೇ ಬೇರೆ, ಸೀಟು ಸಿಗೋ ರ‍್ಯಾಂಕ್ ಬರೋದೇ ಬೇರೆ. 2025ರಲ್ಲಿ 22 ಲಕ್ಷ ಮಂದಿ ಬರೆದರು, 12 ಲಕ್ಷಕ್ಕೂ ಜಾಸ್ತಿ ಮಂದಿ ಕ್ವಾಲಿಫೈ ಆದರು. ಇಡೀ ದೇಶದ ಎಂಬಿಬಿಎಸ್ ಸೀಟು ಒಂದೂಕಾಲು ಲಕ್ಷದ ಆಸುಪಾಸು. ಅದರಲ್ಲೂ ಸುಮಾರು ಅರ್ಧ ಖಾಸಗಿ, ಅಲ್ಲಿನ ಫೀ ನಮ್ಮಂಥವರ ಹೊಲ ಮಾರಿದರೂ ಸಾಲೋದಿಲ್ಲ.

ಲಾಂಗ್ ಟರ್ಮ್ ಬೇಕೋ ಬೇಡವೋ ಅಂತ ಧಾರವಾಡ ಸಪ್ತಾಪುರದ ಕೋಚಿಂಗ್ ಬೋರ್ಡುಗಳನ್ನು ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ಗೆದ್ದವರ ಫೋಟೋ ಮಾತ್ರ ಇರುತ್ತೆ. ಮಗಳ ಅಂಕಪಟ್ಟಿ ತೆಗೆದು ನೋಡಿ. 720ರಲ್ಲಿ ಬಯಾಲಜಿಯದ್ದೇ 360. ಬಯಾಲಜಿಯಲ್ಲಿ ಚೆನ್ನಾಗಿ ತಗೊಂಡು ಫಿಸಿಕ್ಸ್‌ನಲ್ಲಿ ಬಿದ್ದಿದ್ದರೆ ಇನ್ನೊಂದು ವರ್ಷಕ್ಕೆ ಅರ್ಥ ಇದೆ, ಲೆಕ್ಕ ಬಿಡಿಸೋದು ಅಭ್ಯಾಸದಿಂದ ಬರುತ್ತೆ. ಬಯಾಲಜಿಯಲ್ಲೇ ಕಡಿಮೆ ಇದ್ದರೆ, ಓದೋಕೆ ಇಷ್ಟ ಇದೆಯಾ ಅಂತ ಅವಳನ್ನೇ ಕೇಳಿ. ಯಜಮಾನ್ರು ಎದುರಿಗೆ ಇಲ್ಲದಾಗ ಕೇಳಿ.

ಪ್ರಶ್ನೆ: ನಾನು ಮುಂಡರಗಿಯವನು. ಪಕ್ಕದ ಕೊಪ್ಪಳದವರಿಗೆ 371ಜೆ ಮೀಸಲಾತಿ ಸಿಗುತ್ತೆ. ನಮಗೂ ಸಿಗುತ್ತಾ? (ಪಿಯುಸಿ ವಿದ್ಯಾರ್ಥಿ)

ಉತ್ತರ: ಇಲ್ಲ ತಮ್ಮಾ. 371ಜೆ ಅಂದ್ರೆ ಸಂವಿಧಾನದಲ್ಲಿ ಕಲ್ಯಾಣ ಕರ್ನಾಟಕಕ್ಕೆ ಇರೋ ವಿಶೇಷ ಅವಕಾಶ, ಗದಗ ಜಿಲ್ಲೆ ಅದರಲ್ಲಿ ಬರೋದಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಇಷ್ಟೇ. ಆದರೆ ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮ ಆಗಿದ್ದರೆ ಶೇ. 5 ಇದೆ. ಎಷ್ಟೋ ಮಕ್ಕಳು ಇದನ್ನು ಕಾಗದಪತ್ರ ಇಲ್ಲದೆ ಕಳಕೊಳ್ತಾರೆ. ಶಾಲೆ ಹೆಡ್‌ಮಾಸ್ತರ ಸಹಿ, ಬಿಇಒ ಮೇಲುಸಹಿ ಈಗಲೇ ಮಾಡಿಸಿಟ್ಟುಕೋ. ಕೌನ್ಸೆಲಿಂಗ್ ಶುರುವಾದ ಮೇಲೆ ಬಿಇಒ ಆಫೀಸಿನ ಮುಂದೆ ಜಾತ್ರೆ ಇರುತ್ತೆ.

ಪ್ರಶ್ನೆ: ಮಗನನ್ನು ಹೊರದೇಶಕ್ಕೆ ಎಂಬಿಬಿಎಸ್‌ಗೆ ಕಳಿಸಬೇಕು ಅಂತಿದ್ದೇವೆ. ಇಲ್ಲಿನ ಖಾಸಗಿ ಕಾಲೇಜಿಗಿಂತ ಅಗ್ಗ ಅಂತಾರೆ. ಸರಿಯಾ? (ರಾಣೆಬೆನ್ನೂರು)

ಉತ್ತರ: ಅಗ್ಗ ಹೌದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಲ್ಲಿ ಮೆಡಿಕಲ್ ಓದುತ್ತಿದ್ದ ನಿಮ್ಮ ಕಡೆಯ ಹುಡುಗನಿಗೆ ಏನಾಯ್ತು ಅಂತ ರಾಣೆಬೆನ್ನೂರಿನವರಿಗೆ ನಾನು ಹೇಳಬೇಕಾಗಿಲ್ಲ, ಆ ಮಾತು ಬಿಡ್ತೀನಿ. ಯುದ್ಧ ಇಲ್ಲದ ದೇಶದ್ದೇ ಲೆಕ್ಕ ಹಾಕೋಣ. ಹೊರಗೆ ಓದಲೂ ನೀಟ್ ಕ್ವಾಲಿಫೈ ಆಗಿರಬೇಕು. ಕೋರ್ಸು ಕಡಿಮೆ ಅಂದ್ರೂ 54 ತಿಂಗಳು, ಇಂಗ್ಲಿಷಿನಲ್ಲೇ ಇರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್. ಅಲ್ಲಿ ಓದಿದವನಿಗೆ ಆ ದೇಶದಲ್ಲೇ ಡಾಕ್ಟರಾಗಿ ಕೆಲಸ ಮಾಡೋ ಹಕ್ಕು ಸಿಗುವಂತಿರಬೇಕು. ವಾಪಸ್ ಬಂದು ಎಫ್‌ಎಂಜಿಇ (ಹೊರದೇಶದಲ್ಲಿ ಓದಿ ಬಂದವರ ಅರ್ಹತಾ ಪರೀಕ್ಷೆ) ಬರೆದು 300ಕ್ಕೆ 150 ತಗೋಬೇಕು, ಅದಾದ ಮೇಲೆ ಇಲ್ಲಿ ಮತ್ತೆ ಇಂಟರ್ನ್‌ಶಿಪ್. ಆ ಪರೀಕ್ಷೆಯಲ್ಲಿ ಪ್ರತಿ ಸಲವೂ ಪಾಸಾಗೋರಿಗಿಂತ ಫೇಲಾಗೋರೇ ಜಾಸ್ತಿ. ಮಧ್ಯವರ್ತಿ ಇದನ್ನು ಕೊನೆಗೆ, ಅದೂ ಕೇಳಿದರೆ ಮಾತ್ರ ಹೇಳ್ತಾನೆ. ಅಲ್ಲಿನ ರೋಗಿಗಳು ಇಂಗ್ಲಿಷ್ ಮಾತಾಡೋದಿಲ್ಲ ಅನ್ನೋದನ್ನೂ ಹೇಳೋದಿಲ್ಲ. ಮಗ ಆ ಭಾಷೆ ಕಲಿಯದಿದ್ದರೆ ರೋಗಿಯ ಮಂಚದ ಪಕ್ಕ ನಿಂತು ಬರ್ತಾನೆ, ಅಷ್ಟೇ. ಇಷ್ಟಾದ ಮೇಲೂ ಕಳಿಸೋದಾದರೆ, ಅದೇ ಕಾಲೇಜಿನಲ್ಲಿ ಓದಿ ಬಂದು ಎಫ್‌ಎಂಜಿಇ ಪಾಸಾದ ಹುಡುಗನ ಮನೆಗೇ ಹೋಗಿ ಮಾತಾಡಿ ಬನ್ನಿ.

ಪ್ರಶ್ನೆ: ನನಗೆ ಬಿಎಸ್ಸಿ ನರ್ಸಿಂಗ್ ಸೇರೋ ಆಸೆ. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಸಿಸ್ಟರ್‌ಗಳ ಕೆಲಸ ನೋಡಿದ್ದೆ. ಮನೆಯಲ್ಲಿ ‘ನೈಟ್ ಡ್ಯೂಟಿ ಹುಡುಗೀನ ಯಾರು ಮಾಡ್ಕೋತಾರ’ ಅಂತಾರೆ. (ರೋಣ)

ಉತ್ತರ: ಮನೆಯವರಿಗೆ ಇಷ್ಟು ಹೇಳಿ: ಮದುವೆ ದಲ್ಲಾಳಿಗಳ ಹತ್ತಿರ ಈಗ ‘ಸ್ಟಾಫ್ ನರ್ಸ್, ಸರ್ಕಾರಿ ನೌಕರಿ’ ಅಂದ್ರೆ ಸಾಲುಗಟ್ಟಿ ಬರ್ತಾರೆ. ತಮಾಷೆ ಅಲ್ಲ, ನಿಜ.

ಡಾಕ್ಟರ್ ರೌಂಡ್ಸ್‌ಗೆ ಬಂದು ಹೋಗ್ತಾರೆ. ರಾತ್ರಿ ಎರಡು ಗಂಟೆಗೆ ರೋಗಿಯ ಉಸಿರು ಜಾಸ್ತಿಯಾಗಿದೆ, ಮೂತ್ರ ಕಡಿಮೆಯಾಗಿದೆ ಅಂತ ಮೊದಲು ಕಾಣೋದು ಸಿಸ್ಟರ್‌ಗೆ. ಅವರು ಫೋನ್ ಮಾಡಿದ್ದಕ್ಕೇ ಉಳಿದ ಜೀವಗಳು ನನಗೆ ಗೊತ್ತು. ನಾಲ್ಕು ವರ್ಷದ ಕೋರ್ಸು. ಸರ್ಕಾರಿ ಸೀಟು ಬೇಕಾದರೆ ಸಿಇಟಿ ಬರೆಯಿರಿ. ಮುಗಿದ ಮೇಲೆ ಜಿಲ್ಲಾ ಆಸ್ಪತ್ರೆ, ಹಳ್ಳಿ ಆರೋಗ್ಯ ಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಕೆಲಸ, ಏಮ್ಸ್‌ಗಳಿಗೆ ನಾರ್ಸೆಟ್ ಪರೀಕ್ಷೆ, ದಾರಿ ಬಹಳ ಇದೆ. ಸಿಎಚ್‌ಒ ನೇಮಕ ಗುತ್ತಿಗೆ ಮೇಲೆ, ಅದನ್ನು ತಿಳಿದೇ ಹೋಗಿ.

ಕಾಲೇಜು ಆರಿಸುವಾಗ ಮಾತ್ರ ಹುಷಾರು. ಬಸ್ ಸ್ಟ್ಯಾಂಡ್ ಹತ್ತಿರದ ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲೂ ನರ್ಸಿಂಗ್ ಕಾಲೇಜು ಇರುತ್ತೆ. ‘ನಿಮ್ಮ ಸ್ವಂತ ಆಸ್ಪತ್ರೆ ಎಲ್ಲಿ?’ ಅಂತ ಕೇಳಿ. ಬಿಎಸ್ಸಿ ನರ್ಸಿಂಗ್‌ಗೆ 100 ಹಾಸಿಗೆಯ ಆಸ್ಪತ್ರೆ ಇರಬೇಕು ಅಂತ ನಿಯಮ ಇದೆ. ‘ಟೈಅಪ್ ಇದೆ’ ಅಂದ್ರೆ ಹೋಗಿ ನೋಡಿ. ವಾರ್ಡಿನಲ್ಲಿ ಆ ಕಾಲೇಜಿನ ಯೂನಿಫಾರ್ಮ್ ಒಂದೂ ಕಾಣದಿದ್ದರೆ ಸೇರಬೇಡಿ. ಬಿಎಸ್ಸಿ ಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ), ಡಯಾಲಿಸಿಸ್, ಅನಸ್ತೇಶಿಯಾ ಟೆಕ್ನಾಲಜಿ ಕೇಳಿ ಬರೆದವರಿಗೂ ಇದೇ ಉತ್ತರ: ಮಷೀನು, ರೋಗಿ ಎರಡೂ ಇರೋ ಕಡೆ ಕಲಿಯಿರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 74. ದೇಹದಾನ ಮಾಡಬೇಕು ಅಂತಿದೆ. ಮಕ್ಕಳು ಒಪ್ಪುತ್ತಿಲ್ಲ, ವಿಧಿವಿಧಾನ ತಪ್ಪುತ್ತೆ ಅಂತಾರೆ. ಹೇಗೆ ಮಾಡಬೇಕು? (ಹಾನಗಲ್)

ಉತ್ತರ: ಗುರುಗಳೇ, ಅನಾಟಮಿಯವಳಾಗಿ ನಿಮಗೆ ಮೊದಲು ನಮಸ್ಕಾರ. 1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗ ಈಗಿನ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗೆ ಅದೊಂದೇ ಇತ್ತು. ಈಗ ಧಾರವಾಡದ ಸತ್ತೂರು, ಗದಗ, ಹಾವೇರಿ ಎಲ್ಲಾ ಕಡೆ ಇವೆ. ವರ್ಷಾ ವರ್ಷಾ ಹೊಸ ಮಕ್ಕಳು ಬರ್ತಾರೆ, ದೇಹ ಮಾತ್ರ ಯಾವಾಗಲೂ ಕಡಿಮೆ.

ನಿಮಗೆ ಹತ್ತಿರದ್ದು ಹಾವೇರಿ. ಅಲ್ಲಿನ ಅನಾಟಮಿ ವಿಭಾಗದಲ್ಲಿ ಫಾರಂ ಕೇಳಿ, ಸಾಕ್ಷಿಗಳ ಸಹಿ ಹಾಕಿಸಿ ಕೊಡಿ. ಆದರೆ ಫಾರಂಗಿಂತ ಮಕ್ಕಳ ಒಪ್ಪಿಗೆ ಮುಖ್ಯ, ಆ ದಿನ ಫೋನ್ ಮಾಡಬೇಕಾದವರು ಅವರೇ. ಅವರು ಬೇಡ ಅಂದ್ರೆ ಯಾವ ಕಾಲೇಜೂ ಒತ್ತಾಯ ಮಾಡೋದಿಲ್ಲ. ವಿಧಿವಿಧಾನದ್ದು ಅಂಥ ಅಡ್ಡಿ ಅಲ್ಲ. ಮನೆಯಲ್ಲಿ ಸ್ನಾನ, ವಿಭೂತಿ, ಪೂಜೆ ಎಲ್ಲಾ ಮುಗಿಸಿ ಕಳಿಸಬಹುದು, ಕೆಲವೇ ಗಂಟೆಗಳೊಳಗೆ ತಲುಪಿದರೆ ಆಯ್ತು. ವೈದ್ಯರ ಮರಣ ದೃಢೀಕರಣ ಜೊತೆಗಿರಲಿ. ಅಪಘಾತ ಆಗಿ ಪೋಸ್ಟ್‌ಮಾರ್ಟಂ ಆಗಿದ್ದರೆ, ಎಚ್‌ಐವಿ, ಹೆಪಟೈಟಿಸ್ ಬಿ ಥರದ ಸೋಂಕಿದ್ದರೆ ತಗೊಳ್ಳೋದಿಲ್ಲ. ಕಣ್ಣು ಆರು ಗಂಟೆಯೊಳಗೆ ಬೇರೆಯಾಗಿ ಕೊಡಬಹುದು, ಅದರಿಂದ ದೇಹದಾನಕ್ಕೆ ತೊಂದರೆ ಇಲ್ಲ. ಮಕ್ಕಳನ್ನು ಒಂದು ಸಲ ಕಾಲೇಜಿಗೆ ಕರಕೊಂಡು ಹೋಗಿ ಮಾತಾಡಿಸಿ. ಡಿಸೆಕ್ಷನ್ (ದೇಹ ಕೊಯ್ದು ಕಲಿಯೋದು) ಶುರು ಮಾಡೋ ಮೊದಲು ವಿದ್ಯಾರ್ಥಿಗಳೆಲ್ಲ ನಿಂತು ದೇಹಕ್ಕೆ ಗೌರವ ಕೊಡ್ತೀವಿ ಅಂತ ಪ್ರಮಾಣ ತಗೊಳ್ತಾರೆ ಅನ್ನೋದು ಎಷ್ಟೋ ಮನೆಯವರಿಗೆ ಗೊತ್ತೇ ಇರೋದಿಲ್ಲ.

ಪ್ರಶ್ನೆ: ಮಗಳಿಗೆ ಗದಗಿನಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿದೆ. ಹಾಸ್ಟೆಲ್‌ಗೆ ಏನೇನು ಕೊಡಿಸಬೇಕು? ಲ್ಯಾಪ್‌ಟಾಪ್ ಬೇಕೇ ಬೇಕಾ? (ಬ್ಯಾಡಗಿ)

ಉತ್ತರ: ಅಭಿನಂದನೆ ಅಣ್ಣಾರೇ. ಲ್ಯಾಪ್‌ಟಾಪ್ ಮೊದಲ ವರ್ಷಕ್ಕೆ ಬೇಕಾಗಿಲ್ಲ, ಮೊಬೈಲ್ ಸಾಕು. ಬಿಳಿ ಏಪ್ರನ್ ಎರಡು ಹೊಲಿಸಿ, ಉದ್ದ ತೋಳಿನದ್ದು. ಡಿಸೆಕ್ಷನ್‌ಗೆ ಹಾಕಿಕೊಂಡಿದ್ದು ದೇಹ ಕೆಡದಂತೆ ಹಾಕೋ ಫಾರ್ಮಲಿನ್ ವಾಸನೆ ಹೊಡೆಯುತ್ತೆ, ಅದನ್ನೇ ಹಾಕ್ಕೊಂಡು ಬೇರೆ ಲ್ಯಾಬಿಗೆ ಹೋಗೋಕಾಗೋದಿಲ್ಲ. ಮುಂದೆ ಮುಚ್ಚಿದ ಬೂಟು ಇರಲಿ, ಚಪ್ಪಲಿಗೆ ಡಿಸೆಕ್ಷನ್ ಹಾಲ್‌ನಲ್ಲಿ ಬಿಡೋದಿಲ್ಲ. ಎಲುಬಿನ ಸೆಟ್ ಮತ್ತು ಪುಸ್ತಕ ಅಂಗಡಿಯಿಂದ ಹೊಸದು ತರಬೇಡಿ, ಎರಡನೇ ವರ್ಷಕ್ಕೆ ಹೋದ ಸೀನಿಯರ್‌ಗಳು ಅರ್ಧ ಬೆಲೆಗೆ ಕೊಡ್ತಾರೆ, ಜೊತೆಗೆ ಯಾವ ಪಾಠ ಮುಖ್ಯ ಅಂತ ಗೆರೆ ಎಳೆದೂ ಇಟ್ಟಿರ್ತಾರೆ. ಸ್ಟೆತಸ್ಕೋಪ್ ದುಬಾರಿಯದ್ದು ಈಗಲೇ ಬೇಡ. ಮೊದಲ ವರ್ಷದಲ್ಲಿ ಅದನ್ನು ಕೊರಳಿಗೆ ಹಾಕ್ಕೊಂಡು ಸೆಲ್ಫಿ ತಗೊಳ್ಳೋದೇ ಜಾಸ್ತಿ.