ನಾನು ವಿಜಯಪುರದವಳು. ಎದೆ ಚಿಕ್ಕದು ಮಾಡಿಸುವ ಆಪರೇಷನ್ ಆಗಿ 14 ತಿಂಗಳಾಯಿತು, ಎರಡೂ ಕಡೆ ಸಮ ಇಲ್ಲ. ವಾಟ್ಸಾಪ್‌ನಲ್ಲಿ ಫೋಟೊ ನೋಡಿ, ಸರಿಪಡಿಸಲು ಬೆಳಗಾವಿಯಲ್ಲಿ 90 ಸಾವಿರ, ಪುಣೆಯಲ್ಲಿ ಎರಡೂವರೆ ಲಕ್ಷ ಅಂತಾರೆ. ಮದುವೆ ಮಾತು ನಡೆದಿದೆ, ಅದಕ್ಕೆ ಮುಂಚೆ ಮುಗಿಸಬೇಕು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಯಾರ ಹತ್ತಿರ ಹೋಗಲಿ?

ಆ ಎರಡೂ ರೇಟನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲನೇ ಸಲದ ‘ಆಪರೇಷನ್ ನೋಟ್’ ನಿಮ್ಮ ಕೈಯಲ್ಲಿದೆಯಾ? ಡಿಸ್ಚಾರ್ಜ್ ಕಾರ್ಡ್ ಅಲ್ಲ. ಬಿಲ್ಲೂ ಅಲ್ಲ. ಆಪರೇಷನ್ ಮುಗಿದ ಮೇಲೆ ಒಳಗೆ ಏನೇನು ಮಾಡಿದೆ ಅಂತ ಸರ್ಜನ್ ಬರೆದಿಡುವ ಒಂದೆರಡು ಪುಟದ ಕಾಗದ. ಅದು ಇಲ್ಲದಿದ್ದರೆ ಬೆಳಗಾವಿಯೋ ಪುಣೆಯೋ ಅನ್ನುವ ಮಾತು ಇನ್ನೂ ಶುರುವೇ ಆಗಿಲ್ಲ.

ನಾನು ಬಾಗಲಕೋಟೆಯವಳು, ನವನಗರದಲ್ಲಿ ಮನೆ. ನಿಮಗಾದ ಆಪರೇಷನ್ನೇ ನನಗೂ ಆಗಿತ್ತು. ಕಾಲೇಜಿನಲ್ಲಿದ್ದಾಗಿನಿಂದಲೂ ಎದೆ ಭಾರ. ಎರಡನೇ ಹೆರಿಗೆ ಆದ ಮೇಲಂತೂ ಕುತ್ತಿಗೆ ನೋವು ಬಿಟ್ಟ ದಿನವೇ ಇರಲಿಲ್ಲ. ಬ್ರಾ ಪಟ್ಟಿ ಕೂತು ಕೂತು ಹೆಗಲ ಮೇಲೆ ಗುಳಿ ಬಿದ್ದಿತ್ತು. ನಮ್ಮ ಕಡೆ ಬೇಸಿಗೆ ಹೇಗಿರುತ್ತೆ ಗೊತ್ತಲ್ವಾ, ಎದೆಯ ಕೆಳಗೆ ಬೆವರು ನಿಂತು ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ಪೌಡರು, ಮುಲಾಮು ಎಲ್ಲ ಆಯಿತು. ಅತ್ತೆಗೆ ಹೇಳಿದರೆ "ಎಲ್ಲಾ ಹೆಣ್ಮಕ್ಕಳಿಗೂ ಇರೂದ ಅದು, ಇದಕ್ಕೂ ಆಪರೇಷನ್ ಏನವಾ" ಅಂದರು. ಮನೆಯವರು ಒಪ್ಪಿದರು. ನನಗೆ ಅಷ್ಟು ಸಾಕಾಯಿತು.

ಮಾಡಿಸಿದ್ದು ಹತ್ತಿರದ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ. ಸರ್ಜನ್ ಆ ಊರಿನವರಲ್ಲ. ಭಾನುವಾರ ಬಂದು, ಆಪರೇಷನ್ ಮುಗಿಸಿ, ರಾತ್ರಿ ವಾಪಸ್ ಹೋಗುವವರು. ಎಲ್ಲ ಸೇರಿ 85 ಸಾವಿರ. ರೇಟು ನೋಡಿಯೇ ಹೋಗಿದ್ದೆ. ಅದಕ್ಕೆ ಈಗಲೂ ನನಗೆ ಬೇಜಾರಿಲ್ಲ. ಅವರ ಓದು ಸರಿಯಾಗಿಯೇ ಇತ್ತು, ಎಂ.ಎಸ್. ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದ್ದರು. ಎಡಗಡೆ ತಕರಾರಿಲ್ಲದೆ ಮಾಯಿತು. ಬಲಗಡೆ ಎರಡನೇ ವಾರದಲ್ಲಿ ಬಿಚ್ಚಿಕೊಂಡಿತು. ಈ ಆಪರೇಷನ್ನಿನ ಹೊಲಿಗೆ ಹೆಚ್ಚಾಗಿ ಇಂಗ್ಲಿಷಿನ ‘ಟಿ’ ಅಕ್ಷರ ತಲೆಕೆಳಗಾದ ಹಾಗೆ ಇರುತ್ತೆ, ನಿಮಗೂ ಗೊತ್ತಿರುತ್ತೆ. ಎರಡು ಗೆರೆ ಕೂಡುವ ಜಾಗದಲ್ಲಿ ಚರ್ಮ ಹೆಚ್ಚು ಎಳೆದಿರುತ್ತೆ, ಬಿಡುವುದಾದರೆ ಅಲ್ಲೇ ಬಿಡೋದು. ಸರ್ಜನ್ ಸಿಗುವುದು ಭಾನುವಾರಕ್ಕೊಮ್ಮೆ. ನಡುವಿನ ದಿನಗಳಲ್ಲಿ ಡ್ರೆಸ್ಸಿಂಗ್ ಮಾಡುವ ಹುಡುಗಿಯೇ ನಮಗೆ ಡಾಕ್ಟರು. ಕೊನೆಗೆ ಮಾಯಿತು. ಆದರೆ ಬಲಗಡೆ ಕೆಳಭಾಗ ಚಪ್ಪಟೆಯಾಯಿತು, ಅಗಲ ಕಲೆ ಉಳಿಯಿತು, ತೊಟ್ಟು ಹೊರಗಡೆಗೆ ವಾಲಿತು. ಬ್ಲೌಸ್ ಹೊಲಿಯುವ ಅಕ್ಕ ಏನೂ ಕೇಳದೆ ಒಂದು ಕಡೆ ಮಾತ್ರ ಕಪ್ ಇಟ್ಟು ಹೊಲಿದುಕೊಡೋಳು.

ನೋವು ಹೋಗಿತ್ತಲ್ಲ, ಹಾಗಾಗಿ ಸುಮ್ಮನಿದ್ದೆ. ಮಕ್ಕಳ ಶಾಲೆ, ಮನೆ ಕಟ್ಟುವುದು ಅಂತ ನಾಲ್ಕು ವರ್ಷ ದಾಟಿತು. ಆಮೇಲೆ ಸರಿಮಾಡಿಸೋಣ ಅಂತ ಹೊರಟಾಗ ಸಿಕ್ಕಿಬಿದ್ದೆ.

ಬೆಳಗಾವಿಯಲ್ಲಿ ಒಬ್ಬರು ಸರ್ಜನ್‌ಗೆ ತೋರಿಸಿದೆ. ಅವರು ಮುಟ್ಟಿ ನೋಡುವ ಮೊದಲೇ ಕೇಳಿದ್ದು ಮೂರು ಮಾತು. ಯಾವ ಪೆಡಿಕಲ್ ಮಾಡಿದ್ದಾರೆ? ಯಾವ ಕಡೆಯಿಂದ ಎಷ್ಟು ಗ್ರಾಂ ತೆಗೆದಿದ್ದಾರೆ? ತೆಗೆದ ಭಾಗದ ಲ್ಯಾಬ್ ರಿಪೋರ್ಟ್ ಎಲ್ಲಿ? ನಾನು ಪ್ಲಾಸ್ಟಿಕ್ ಚೀಲದಿಂದ ಡಿಸ್ಚಾರ್ಜ್ ಕಾರ್ಡ್ ತೆಗೆದುಕೊಟ್ಟೆ. ಅದರಲ್ಲಿ ಆಪರೇಷನ್ನಿನ ಹೆಸರು, ತಾರೀಖು, ಐದು ದಿನದ ಮಾತ್ರೆ. "ಇದರಲ್ಲಿ ನನಗೆ ಬೇಕಾದದ್ದು ಒಂದೂ ಇಲ್ಲವಲ್ಲಮ್ಮ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ನನ್ನ ದುಡ್ಡೆಲ್ಲ ಹೋಗಿದ್ದು ಇಲ್ಲೇ. ಎದೆ ಚಿಕ್ಕದು ಮಾಡುವಾಗ ತೊಟ್ಟನ್ನು ಮೇಲಕ್ಕೆ ಸರಿಸಿ ಕೂರಿಸಬೇಕಲ್ಲ, ಸಾಮಾನ್ಯವಾಗಿ ಅದನ್ನು ಪೂರ್ತಿ ಬಿಡಿಸಿ ತೆಗೆಯುವುದಿಲ್ಲ. ಒಂದು ಬದಿಯ ಮಾಂಸವನ್ನು ತೊಟ್ಟಿಗೆ ಅಂಟಿಕೊಂಡ ಹಾಗೇ ಬಿಟ್ಟು, ಸುತ್ತಲಿನದನ್ನು ತೆಗೆಯುತ್ತಾರೆ. ಹಾಗೆ ಉಳಿಸಿದ ಭಾಗಕ್ಕೆ ಪೆಡಿಕಲ್ ಅಂತಾರೆ. ತೊಟ್ಟಿಗೆ ರಕ್ತ ಬರುವುದು ಅದರ ಮೂಲಕ. ಕೆಲವರು ಕೆಳಗಡೆಯದನ್ನು ಉಳಿಸುತ್ತಾರೆ, ಕೆಲವರು ಮೇಲಿನದನ್ನು, ಕೆಲವರು ಮೇಲೆ ಒಳಬದಿಯದನ್ನು. ಹೊರಗಿನ ಕಲೆ ನೋಡಿ ಇದನ್ನು ಖಚಿತವಾಗಿ ಹೇಳಕ್ಕಾಗಲ್ಲ, ಯಾವುದನ್ನು ಉಳಿಸಿದರೂ ಹೊಲಿಗೆ ಒಂದೇ ಥರ ಇರಬಹುದು. ಹೊಲಕ್ಕೆ ಒಂದೇ ಕಾಲುವೆ ಉಳಿದಿದೆ, ಅದೂ ಮಣ್ಣಿನ ಕೆಳಗಿದೆ, ಯಾವ ಬದಿಗೆ ಅಂತ ಗೊತ್ತಿಲ್ಲ ಅಂದುಕೊಳ್ಳಿ. ಎರಡನೇ ಸಲ ಕೊಯ್ಯುವವರು ತಿಳಿಯದೆ ಅದನ್ನೇ ಕತ್ತರಿಸಿದರೆ ತೊಟ್ಟು ಕಪ್ಪಾಗಿ ಸತ್ತುಹೋಗಬಹುದು. ಹೆದರಿಸಲು ಹೇಳುತ್ತಿಲ್ಲ. ಎರಡನೇ ಆಪರೇಷನ್ನಿನಲ್ಲಿ ಸರ್ಜನ್‌ಗಳು ಮೊದಲು ಯೋಚಿಸುವುದೇ ಇದನ್ನು.

ಸರಿ ಅಂತ ನರ್ಸಿಂಗ್ ಹೋಮಿಗೆ ಹೋದೆ. ಅಷ್ಟರಲ್ಲಿ ಅದು ಬೇರೆಯವರ ಕೈಗೆ ಹೋಗಿತ್ತು. ಹಳೇ ಫೈಲುಗಳನ್ನು ರದ್ದಿಗೆ ಹಾಕಿದ್ದರು. ಜಗಳ ಮಾಡೋಣ ಅಂದರೆ ನಿಯಮವೂ ನನ್ನ ಕಡೆ ಇರಲಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ, ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟರೆ ಸಾಕು. ನಾನು ಹೋಗಿದ್ದು ಆ ಗಡುವು ಮುಗಿದ ಮೇಲೆ. ಹಳೇ ಸರ್ಜನ್ ನಂಬರ್ ಹುಡುಕಿ ಫೋನ್ ಮಾಡಿದೆ. ಪಾಪ, ಮರ್ಯಾದೆಯಿಂದಲೇ ಮಾತಾಡಿದರು. "ಸಾಮಾನ್ಯವಾಗಿ ಕೆಳಗಿನದನ್ನೇ ಉಳಿಸ್ತೀನಿ, ನಿಮ್ಮದರಲ್ಲಿ ಏನು ಮಾಡಿದ್ದೆನೋ ನೆನಪಿಲ್ಲ" ಅಂದರು. ಬೆಳಗಾವಿಯವರಿಗೆ ಅದನ್ನೇ ಹೇಳಿದೆ. ಸಾಮಾನ್ಯವಾಗಿ ಅನ್ನುವ ಮಾತು ನಂಬಿ ಚಾಕು ಹಿಡಿಯಲ್ಲ ಅಂದುಬಿಟ್ಟರು. ಆಗ ಸಿಟ್ಟು ಬಂತು. ಈಗ ಅನಿಸುತ್ತೆ, ನಾನು ಅವರ ಹತ್ತಿರವೇ ಉಳಿದದ್ದು ಆ ಒಂದು ಮಾತಿಗೆ.

ಡಿಸ್ಚಾರ್ಜ್ ದಿನ ಕೇಳಿದ್ದರೆ ಒಂದು ಜೆರಾಕ್ಸಿನ ಖರ್ಚು. ಗಾಯ ಬಿಚ್ಚಿದಾಗ ಕೇಳಿದ್ದರೂ ಸಿಗುತ್ತಿತ್ತು. ಅಂಥ ಕಾಗದ ಒಂದಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಟ್ರ್ಯಾಕ್ಟರಿನ ಹಳೇ ಸರ್ವಿಸ್ ಬಿಲ್ಲು ಜೋಪಾನವಾಗಿದೆ ನೋಡಿ, ನನ್ನ ಮೈ ಕೊಯ್ದ ಕಾಗದ ಇರಲಿಲ್ಲ.

ಅದರ ಬೆಲೆ ಇಷ್ಟು. ಬಲಗಡೆ ತೊಟ್ಟನ್ನು ಒಳಗೆ ಸರಿಸುವುದು, ಎಡಗಡೆ ಇನ್ನೊಂದಿಷ್ಟು ಕಡಿಮೆ ಮಾಡಿ ಸಮ ಮಾಡುವುದು, ಎರಡೂ ಒಂದೇ ಸಲಕ್ಕೆ ಆಗಬಹುದಿತ್ತು. ಪೆಡಿಕಲ್ ಗೊತ್ತಿಲ್ಲದ್ದಕ್ಕೆ ಡಾಕ್ಟರು ಸುರಕ್ಷಿತ ದಾರಿ ಹಿಡಿದರು. ಮೊದಲು ಎಡಗಡೆ ಲೈಪೊಸಕ್ಷನ್ನಿನಿಂದ, ಅಂದರೆ ಕೊಳವೆ ಹಾಕಿ ಕೊಬ್ಬು ಹೀರಿ ತೆಗೆದು, ಗಾತ್ರ ಇಳಿಸಿ, ಬಲಗಡೆ ಕಲೆಯನ್ನು ಮಾತ್ರ ಸರಿಮಾಡಿದರು. ಕೆಲವು ತಿಂಗಳು ಬಿಟ್ಟು ಹೊಟ್ಟೆಯ ಕೊಬ್ಬು ತೆಗೆದು ಬಲಗಡೆ ಚಪ್ಪಟೆ ಜಾಗಕ್ಕೆ ತುಂಬಿದರು. ಹಾಗೆ ತುಂಬಿದ ಕೊಬ್ಬಿನಲ್ಲಿ ಒಂದಿಷ್ಟು ಭಾಗವನ್ನು ಮೈ ಹೀರಿಕೊಂಡುಬಿಡುತ್ತೆ, ಅದನ್ನು ಮೊದಲೇ ಹೇಳಿದ್ದರು. ಎರಡೂ ಸಲ ಥಿಯೇಟರ್ ಬೇರೆ, ಅನಸ್ತೇಶಿಯಾ ಬೇರೆ, ರೂಮು ಬೇರೆ. ಒಟ್ಟು ಎರಡು ಲಕ್ಷದ ಮೇಲೆ ಹೋಯಿತು. ತೊಟ್ಟು ಇವತ್ತಿಗೂ ಸ್ವಲ್ಪ ವಾಲಿಯೇ ಇದೆ.

ಈಗ ನಿಮ್ಮ ವಿಷಯ. ನಿಮಗೆ ಇನ್ನೂ 14 ತಿಂಗಳು. ಅಂದರೆ ದಾಖಲೆ ಆಸ್ಪತ್ರೆಯಲ್ಲಿ ಇರಲೇಬೇಕು. ಅದೇ 2002ರ ನಿಯಮದಲ್ಲಿ, ರೋಗಿ ಕೇಳಿದರೆ 72 ಗಂಟೆಯ ಒಳಗೆ ದಾಖಲೆ ಕೊಡಬೇಕು ಅಂತಲೂ ಇದೆ. ಬಾಯಿಮಾತಲ್ಲಿ ಕೇಳಬೇಡಿ. ‘ನಾಳೆ ಬರ್ರಿ’ ಅಂತ ಓಡಾಡಿಸುತ್ತಾರೆ. ಬಿಳಿ ಹಾಳೆಯಲ್ಲಿ ಎರಡು ಪ್ರತಿ ಅರ್ಜಿ ಬರೆಯಿರಿ. ಆಪರೇಷನ್ ನೋಟ್, ಅನಸ್ತೇಶಿಯಾ ನೋಟ್, ಲ್ಯಾಬ್ ರಿಪೋರ್ಟ್, ಮುಂಚಿನ ಮತ್ತು ನಂತರದ ಫೋಟೊ ಬೇಕು ಅಂತ ಹೆಸರು ಹಿಡಿದು ಬರೆಯಿರಿ. ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಕೇಸ್ ಹಾಕ್ತೀರಾ ಅಂತ ಕೇಳಬಹುದು. ಮುಂದಿನ ಡಾಕ್ಟರ್ ಕೇಳಿದ್ದಾರೆ ಅನ್ನಿ, ಅದು ನಿಜವೂ ಹೌದು. ಅಷ್ಟಾದರೂ ಕೊಡದಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಆ ಹೆಸರು ಹೇಳಿದಾಗಲೇ ಫೈಲು ಹೊರಗೆ ಬರುತ್ತೆ.

ಲ್ಯಾಬ್ ರಿಪೋರ್ಟ್ ಬಿಡಬೇಡಿ. ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸುವುದು ಒಳ್ಳೆಯ ಪದ್ಧತಿ. ಅಪರೂಪಕ್ಕೆ ಅದರಲ್ಲಿ ಯಾರಿಗೂ ಅನುಮಾನವೇ ಬಂದಿರದ ಗಡ್ಡೆ ಸಿಕ್ಕಿದ್ದೂ ಉಂಟು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಸರಿ ಕಾಣದ್ದು ಒಂದಿದೆ. ಎರಡೂ ಕಡೆಯವರು ವಾಟ್ಸಾಪ್ ಫೋಟೊ ನೋಡಿ ರೇಟ್ ಹೇಳಿದರು ಅಂತ ಬರೆದಿದ್ದೀರಿ. ಹಾಗಾದರೆ 90 ಸಾವಿರವೂ ರೇಟಲ್ಲ, ಎರಡೂವರೆ ಲಕ್ಷವೂ ರೇಟಲ್ಲ. ಮೊದಲು ಏನು ಮಾಡಿದ್ದಾರೆ ಅಂತ ಕೇಳದೆ, ಕೈಯಿಂದ ಪರೀಕ್ಷೆ ಮಾಡದೆ, ಈಗ ಏನು ಮಾಡಬೇಕು ಅಂತ ಹೇಗೆ ಗೊತ್ತಾಗುತ್ತೆ? ಪುಣೆಯವರು ಜಾಸ್ತಿ ಕೇಳಿದರು ಅಂತ ಜಾಸ್ತಿ ಬಲ್ಲವರು ಅಲ್ಲ. ಬೆಳಗಾವಿಯವರು ಕಡಿಮೆ ಹೇಳಿದರು ಅಂತ ಮೋಸವೂ ಅಲ್ಲ. ಇಬ್ಬರ ಹತ್ತಿರವೂ ನೋಟ್ ಹಿಡಿದು ಖುದ್ದಾಗಿ ಹೋಗಿ. ಅದನ್ನು ಯಾರು ಕೂತು ಓದುತ್ತಾರೆ ನೋಡಿ. ಅಂದಹಾಗೆ ಆ ಫೋಟೊಗಳನ್ನು ಇನ್ನು ಯಾರಿಗೂ ಕಳಿಸಬೇಡಿ. ಆ ಕಡೆ ಫೋನ್ ಹಿಡಿದಿರುವುದು ಹೆಚ್ಚಾಗಿ ಡಾಕ್ಟರಲ್ಲ, ಪ್ಯಾಕೇಜ್ ಮಾರುವ ಹುಡುಗ.

ಓದಿನ ವಿಷಯ ಬೇಗ ಹೇಳಿಬಿಡುತ್ತೇನೆ. ‘ಕಾಸ್ಮೆಟಿಕ್ ಸರ್ಜನ್’ ಅಂತ ಬೋರ್ಡ್ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಇದೆಯಾ ನೋಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಡಾಕ್ಟರ ಹೆಸರು ಹಾಕಿದರೆ ನೋಂದಣಿ ಸಿಗುತ್ತೆ. ಆಮೇಲೆ ಕೇಳಬೇಕಾದ್ದು, ಬೇರೆಯವರು ಮಾಡಿದ್ದನ್ನು ಸರಿಪಡಿಸಿದ ಕೇಸು ಎಷ್ಟು ಮಾಡಿದ್ದೀರಿ ಅಂತ. ಮೊದಲ ಸಲದ ಆಪರೇಷನ್ ಚೆನ್ನಾಗಿ ಮಾಡುವವರೆಲ್ಲ ಇದನ್ನು ಮಾಡುವುದಿಲ್ಲ.

ದೂರದ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ರಕ್ತ ಒಳಗೆ ಕಟ್ಟಿಕೊಂಡರೆ ಅದು ಹೆಚ್ಚಾಗಿ ಮೊದಲ ಒಂದೆರಡು ದಿನದಲ್ಲೇ. ಹೊಲಿಗೆ ಬಿಡುವುದು ಎರಡನೇ ವಾರದ ಸುಮಾರಿಗೆ. ಆಗ ನಿಮ್ಮ ಸರ್ಜನ್ ಕೈಗೆ ಸಿಗಬೇಕು. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಹೋಗುವುದೇ ಆ ಹೊಲಿಗೆಯಲ್ಲಿ ನನಗೆ ಸಾಕಾಗಿತ್ತು. ಎದೆಗೆ ದಿಂಬು ಅವಚಿಕೊಂಡು ಪ್ರತಿ ಹಂಪ್‌ಗೂ ಕಣ್ಣು ಮುಚ್ಚುತ್ತಿದ್ದೆ. ನೀವು ವಿಜಯಪುರದವರು, ಪುಣೆ ಅಂದರೆ ಅದರ ಎರಡರಷ್ಟಕ್ಕಿಂತ ಹೆಚ್ಚು. ಬೆಳಗಾವಿಯಲ್ಲಿ ಸರಿಯಾದವರು ಸಿಕ್ಕರೆ ಪುಣೆಗೆ ಹೋಗಬೇಡಿ ಅನ್ನುವವಳು ನಾನು. ಆದರೆ ಭಾನುವಾರ ಮಾತ್ರ ಬರುವವರ ಹತ್ತಿರ ಎದುರು ಮನೆಯಲ್ಲೇ ಆಸ್ಪತ್ರೆ ಇದ್ದರೂ ಬೇಡ.

ದುಡ್ಡಿನಲ್ಲಿ ಎರಡು ವಿಷಯ ನನಗೆ ತಡವಾಗಿ ತಿಳಿದವು. ಬರೀ ಅಂದಕ್ಕೆ ಅಂತ ಮಾಡುವ ಸರ್ಜರಿಗೆ ಶೇ. 18 ಜಿಎಸ್‌ಟಿ ಇದೆ. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ದೋಷ, ಗಾಯ ಇವುಗಳಿಂದ ಕೆಟ್ಟದ್ದನ್ನು ಸರಿಪಡಿಸುವುದಾದರೆ ಇಲ್ಲ. ವಿಮೆಯವರೂ ಹಾಗೇ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲಿನ ಸರ್ಜರಿಗೆ ಕೊಡುತ್ತಾರೆ, ಇಲ್ಲವೇ ಆರೋಗ್ಯಕ್ಕೆ ನೇರ ಅಪಾಯ ಇದೆ ಅಂತ ಚಿಕಿತ್ಸೆ ಕೊಡುವ ಡಾಕ್ಟರ್ ಬರೆದುಕೊಡಬೇಕು. ನನ್ನ ಎಸ್ಟಿಮೇಟಿನಲ್ಲಿ ‘ಕಾಸ್ಮೆಟಿಕ್’ ಅಂತ ಇತ್ತು, ಕ್ಲೇಮು ಅಲ್ಲೇ ಬಿತ್ತು. ನಿಮ್ಮದು ಯಾವ ಬಗೆ ಅಂತ ಎಸ್ಟಿಮೇಟ್ ಬರೆಯುವ ಮೊದಲೇ ಮಾತಾಡಿ. ಸುಳ್ಳು ಬರೆಸಿ ಅನ್ನುತ್ತಿಲ್ಲ, ಇದ್ದದ್ದನ್ನು ಪೂರ್ತಿ ಬರೆಸಿ. ರಾತ್ರಿ ಮತ್ತೆ ಥಿಯೇಟರಿಗೆ ಒಯ್ಯಬೇಕಾಗಿ ಬಂದರೆ ದುಡ್ಡು ಯಾರದು ಅನ್ನುವುದೂ ಅದರಲ್ಲಿರಲಿ.

ಮದುವೆ ಮಾತು ನಡೆದಿದೆ, ಅದಕ್ಕೆ ಮುಂಚೆ ಮುಗಿಸಬೇಕು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ ಅಂದಿರಿ. ಇದಕ್ಕೆ ನನ್ನ ಉತ್ತರ ಬೇಡ ಅಂತಲೇ. ಬಸಿರು, ಹಾಲೂಡಿಸುವುದು ಆದಾಗ ಎದೆಯ ಗಾತ್ರ ಮತ್ತೆ ಬದಲಾಗುತ್ತೆ, ಈಗ ಸಮ ಮಾಡಿಸಿದ್ದು ಆಗ ಸಮ ಇರುತ್ತೆ ಅಂತಿಲ್ಲ. ನೋವಿದ್ದರೆ, ನಿಮಗೇ ಕನ್ನಡಿ ಮುಂದೆ ತಡೆಯಲಾಗದಿದ್ದರೆ ಮಾಡಿಸಿ. ನೋಡಲು ಬರುವವರ ಸಲುವಾಗಿ ಮೈ ಕೊಯ್ಸಿಕೊಳ್ಳಬೇಡಿ ತಂಗಿ. ಕಲೆ ಪೂರ್ತಿ ಮಾಗಲು ಹೇಗೂ ಒಂದು ಒಂದೂವರೆ ವರ್ಷ ಬೇಕು, ನಿಮ್ಮದು ಇನ್ನೂ ಮೆತ್ತಗಾಗುತ್ತಿರಬಹುದು.

ಅರ್ಜಿ ಕೊಡಲು ಹೋಗುವಾಗ ಆಧಾರ್ ಮತ್ತು ಡಿಸ್ಚಾರ್ಜ್ ಕಾರ್ಡಿನ ಜೆರಾಕ್ಸ್ ಒಯ್ಯಿರಿ, ಐಪಿ ನಂಬರ್, ಅಂದರೆ ಒಳರೋಗಿ ನಂಬರ್, ಡಿಸ್ಚಾರ್ಜ್ ಕಾರ್ಡಿನ ಮೇಲೇ ಇರುತ್ತೆ. ಶನಿವಾರ ಮಧ್ಯಾಹ್ನ ಮಾತ್ರ ಹೋಗಬೇಡಿ. ರೆಕಾರ್ಡ್ ರೂಮಿನ ಕೀಲಿ ಇಟ್ಟುಕೊಂಡವನು ಅಷ್ಟೊತ್ತಿಗೆ ಊರಿಗೆ ಹೋಗಿರುತ್ತಾನೆ.