ತಂಗಿ ಮದುವೆ, ಹೊರಗೆ ಕೂತ ಅಕ್ಕ: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಓದ್ತಿರೋ ಸಬ್ಜೆಕ್ಟು, ಮಿಷನ್ (ಅಂದ್ರೆ ಧರ್ಮಪ್ರಚಾರ) ಮಾಡಿದ ದೇಶ ಎಲ್ಲಾ ಬದಲಾಯಿಸಿದೀನಿ, ಬೇರೆ ಒಂದಿಬ್ಬರ ವಿವರಾನೂ ಸೇರಿಸಿದೀನಿ, ಹಾಗಾಗಿ ಯೂಟಾದಲ್ಲಿರೋ ನಮ್ಮ ಕನ್ನಡದವರು ಇದು ಯಾರ ಮನೆ ಕಥೆ ಅಂತ ಹುಡುಕೋಕೆ ಹೋಗ್ಬೇಡಿ, ಸಿಗಲ್ಲ. ಬರೆಯೋಕೆ ಒಪ್ಪಿಗೆ ತಗೊಂಡಿದೀನಿ.

ಹುಡುಗೀನ ರೇಚಲ್ ಅಂತ ಇಟ್ಕೊಳ್ಳೋಣ. 23 ವರ್ಷ. ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಮನೆಯವಳು, ಐದು ಮಕ್ಕಳಲ್ಲಿ ಎರಡನೆಯವಳು. ಅಪ್ಪ ಹಿಂದೆ ವಾರ್ಡಿನ, ಅಂದ್ರೆ ಅವರ ಏರಿಯಾದ ಚರ್ಚಿನ, ಬಿಷಪ್ ಆಗಿದ್ದವರು. ಇವರಲ್ಲಿ ಬಿಷಪ್ ಅಂದ್ರೆ ಸಂಬಳದ ಪಾದ್ರಿ ಅಲ್ಲ, ಹಗಲು ಹಲ್ಲಿನ ಡಾಕ್ಟರೋ ಅಕೌಂಟೆಂಟೋ ಆಗಿದ್ದು ಸಂಜೆ ಹೊತ್ತು, ಭಾನುವಾರ, ವರ್ಷಗಟ್ಟಲೆ ಪುಕ್ಕಟೆ ದುಡಿಯೋ ಪಕ್ಕದ್ಮನೆ ಅಂಕಲ್ ಅಷ್ಟೇ. ಇವಳು ಫಿಲಿಪ್ಪೀನ್ಸಲ್ಲಿ 18 ತಿಂಗಳ ಮಿಷನ್ ಮುಗಿಸಿ ಬಂದು ಚರ್ಚಿನದೇ ಯೂನಿವರ್ಸಿಟಿಯಲ್ಲಿ ಓದ್ತಿದ್ಳು, ಡಿಗ್ರಿಗೆ ಇನ್ನೆರಡು ಸೆಮಿಸ್ಟರ್ ಬಾಕಿ. ವಾರ್ಡಲ್ಲಿ ಆರ್ಗನ್ ನುಡಿಸೋಳು ಇವಳೇ.

ನನ್ನ ಹತ್ರ ಬಂದಿದ್ದು ಹೊಟ್ಟೆನೋವು ಅಂತ. ಭಾನುವಾರ ಬೆಳಿಗ್ಗೆ ಮಾತ್ರ ಬರೋ ಹೊಟ್ಟೆನೋವು. ಡಾಕ್ಟ್ರು ಎಲ್ಲಾ ಟೆಸ್ಟ್ ಮಾಡಿ ಏನೂ ಇಲ್ಲ ಅಂದಿದ್ರು. ನಿದ್ದೆ ಸರಿಯಿಲ್ಲ, ತೂಕ ಇಳಿದಿತ್ತು. ಸಾಯೋ ಯೋಚನೆ ಬರುತ್ತಾ ಅಂತ ಮೊದಲನೇ ದಿನಾನೇ ನೇರವಾಗಿ ಕೇಳ್ದೆ, ಬರಲ್ಲ ಅಂದ್ಳು, ಆದ್ರೂ ಇಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿ 988 ನಂಬರ್ ಫೋನಲ್ಲಿ ಸೇವ್ ಮಾಡಿಸ್ದೆ. ಇನ್ನೊಂದು ಚೆಕ್ ಮಾಡಿದ್ದು ಸ್ಕ್ರುಪುಲಾಸಿಟಿ. ಅಂದ್ರೆ ಪಾಪ ಮಾಡಿದೀನಿ ಪಾಪ ಮಾಡಿದೀನಿ ಅಂತ ದಿನಕ್ಕೆ ಹತ್ತು ಸಲ ತಪ್ಪೊಪ್ಪಿಗೆ ಮಾಡೋ ಥರದ ಒಸಿಡಿ (ಗೀಳು ಕಾಯಿಲೆ), ಧರ್ಮ ಕಟ್ಟುನಿಟ್ಟಾಗಿರೋ ಮನೆ ಮಕ್ಕಳಲ್ಲಿ ನೋಡ್ತೀವಿ, ಅದಕ್ಕೆ ಟ್ರೀಟ್ಮೆಂಟೇ ಬೇರೆ. ಇವಳಿಗೆ ಅದಿರಲಿಲ್ಲ.

ವಿಷಯ ಹೊರಗೆ ಬಂದಿದ್ದು ಎರಡನೇ ಭೇಟಿಯಲ್ಲಿ. ತಂಗಿಗೆ ಮದುವೆ ಗೊತ್ತಾಗಿದೆ, ಟೆಂಪಲ್ಲಿನಲ್ಲಿ.

ಓದುಗರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಮಾರ್ಮನ್ನರ ಭಾನುವಾರದ ಚರ್ಚಿಗೆ ನೀವು ನಾನು ಯಾರು ಬೇಕಾದ್ರೂ ಹೋಗಿ ಕೂರಬಹುದು, ಖುಷಿಯಾಗಿ ಕೈಕುಲುಕ್ತಾರೆ. ಟೆಂಪಲ್ ಹಾಗಲ್ಲ. ಒಳಗೆ ಹೋಗೋಕೆ ರೆಕಮೆಂಡ್ ಅನ್ನೋ ಒಂದು ಚಿಕ್ಕ ಕಾರ್ಡು ಬೇಕು, ಎರಡು ವರ್ಷಕ್ಕೊಮ್ಮೆ ರಿನ್ಯೂ ಆಗಬೇಕು, ರಿನ್ಯೂ ಆಗೋಕೆ ಎರಡು ಇಂಟರ್‌ವ್ಯೂ, ಒಂದು ವಾರ್ಡ್ ಮಟ್ಟದಲ್ಲಿ, ಇನ್ನೊಂದು ಅದರ ಮೇಲಿನ ಸ್ಟೇಕ್ ಮಟ್ಟದಲ್ಲಿ. ಪ್ರಶ್ನೆಗಳು ಗುಟ್ಟೇನಲ್ಲ, 2019ರಲ್ಲಿ ಚರ್ಚೇ ಬಹಿರಂಗವಾಗಿ ಪ್ರಕಟಿಸಿತು. ದೇವರಲ್ಲಿ ನಂಬಿಕೆ ಇದೆಯಾ, ಈ ಚರ್ಚಿನ ಅಧ್ಯಕ್ಷರನ್ನ ಪ್ರವಾದಿ ಅಂತ ಒಪ್ತೀಯಾ, ಆದಾಯದ ಹತ್ತನೇ ಒಂದು ಪಾಲು ಕೊಡ್ತೀಯಾ, ಕಾಫಿ ಟೀ ಮದ್ಯ ತಂಬಾಕು ಮುಟ್ಟದೆ ಇದೀಯಾ, ಹೀಗೆ. ಮದುವೆಯನ್ನ ಇವರು ಸೀಲಿಂಗ್ ಅಂತಾರೆ, ಸತ್ತಮೇಲೂ ಮುಗಿಯದ ಬಂಧ ಅಂತ ಅದಕ್ಕೆ ಅರ್ಥ, ಅದು ನಡೆಯೋದು ಟೆಂಪಲ್ಲಿನ ಒಳಗೆ. ಕಾರ್ಡ್ ಇಲ್ಲದವರು ಹೆತ್ತ ತಾಯಿಯಾದ್ರೂ ಹೊರಗೇ.

ರೇಚಲ್ ಕಾರ್ಡು ಮದುವೆಗೆ ಮೂರು ವಾರ ಮುಂಚೆ ಎಕ್ಸ್‌ಪೈರ್ ಆಗ್ತಿತ್ತು.

"ನನಗೆ ಎಲ್ಲಾ ಉತ್ತರ ಬಾಯಿಪಾಠ ಇದೆ, ಹೌದು ಹೌದು ಅಂದ್ರೆ ಐದು ನಿಮಿಷದಲ್ಲಿ ಕಾರ್ಡ್ ಕೈಗೆ ಬರುತ್ತೆ. ಆದ್ರೆ ಆ ಪ್ರಶ್ನೆಗಳಲ್ಲೇ ಒಂದಿದೆ, ನೀನು ಮಾಡೋದೆಲ್ಲದರಲ್ಲೂ ಪ್ರಾಮಾಣಿಕವಾಗಿರೋಕೆ ಪ್ರಯತ್ನ ಪಡ್ತೀಯಾ ಅಂತ. ಅಲ್ಲಿಗೆ ಬಂದಾಗ ನಾನೇನು ಮಾಡ್ಲಿ?"

ನಂಬಿಕೆ ಹೋಗಿದ್ದು ಹೇಗೆ ಅಂತ ಕೇಳ್ದೆ. ಯಾರೋ ಹುಡುಗ, ಯಾವುದೋ ಪಾರ್ಟಿ, ಇಂಟರ್ನೆಟ್ಟಿನ ವಿರೋಧಿಗಳು, ಹಿರಿಯರು ಊಹಿಸೋದು ಇದನ್ನೇ. ಇವಳ ವಿಷಯದಲ್ಲಿ ಚರ್ಚಿನದೇ ವೆಬ್‌ಸೈಟು. 2013ರಿಂದ 15ರ ತನಕ ಚರ್ಚು ತನ್ನ ಇತಿಹಾಸದ ಕಷ್ಟದ ವಿಷಯಗಳ ಮೇಲೆ ಪ್ರಬಂಧಗಳನ್ನ ಹಾಕಿತು, ಅದರಲ್ಲಿ ಸ್ಥಾಪಕ ಜೋಸೆಫ್ ಸ್ಮಿತ್‌ನ ಬಹುಪತ್ನಿತ್ವದ್ದೂ ಒಂದು, ಅವನ ಹೆಂಡತಿಯರ ಸಂಖ್ಯೆ 30ರಿಂದ 40ರ ನಡುವೆ ಅನ್ನೋ ಅಂದಾಜು, ಅದರಲ್ಲಿ ಒಬ್ಬಳಿಗೆ ಇನ್ನೂ 15 ತುಂಬಿರಲಿಲ್ಲ ಅನ್ನೋದು ಅಲ್ಲೇ ಇದೆ. ಕಪ್ಪು ಗಂಡಸರಿಗೆ 1978ರ ತನಕ ಪೌರೋಹಿತ್ಯ ಕೊಡದಿದ್ದ ವಿಷಯಕ್ಕೂ ಒಂದು ಪ್ರಬಂಧ. ಇದನ್ನೆಲ್ಲ ಬೇರೆ ಯಾರಾದ್ರೂ ಹೇಳಿದ್ರೆ ಸುಳ್ಳು ಅಂತ ತಳ್ಳಿಹಾಕ್ತಿದ್ದೆ, ನಮ್ಮವರೇ ಬರೆದಿದ್ದಾರಲ್ಲ ಏನು ಮಾಡ್ಲಿ ಅಂದ್ಳು. ಅದಕ್ಕಿಂತ ಜಾಸ್ತಿ ಇವಳನ್ನ ತಿಂತಿದ್ದಿದ್ದು ಮಿಷನ್ನು. ಅಲ್ಲಿ ಒಬ್ಬ ಹೆಂಗಸು ಇವಳ ಮಾತು ಕೇಳಿ ಬ್ಯಾಪ್ಟಿಸಮ್ ತಗೊಂಡು, ಅಕ್ಕತಂಗಿಯರ ಜೊತೆ ಮಾತು ಬಿಟ್ಟಿದ್ದಾಳೆ, ಈಗಲೂ ಇವಳಿಗೆ ಮೆಸೇಜ್ ಮಾಡ್ತಾಳೆ.

ಇಲ್ಲಿನ ಮಕ್ಕಳು ಮೂರು ನಾಲ್ಕು ವರ್ಷಕ್ಕೇ ಮೈಕ್ ಮುಂದೆ ನಿಂತು ಈ ಚರ್ಚು ಸತ್ಯ ಅಂತ ನನಗೆ ಗೊತ್ತು ಅಂತ ಸಾಕ್ಷಿ ಹೇಳ್ತಾರೆ, ಅಮ್ಮ ಪಕ್ಕದಲ್ಲಿ ಬಗ್ಗಿ ಕಿವಿಯಲ್ಲಿ ಒಂದೊಂದೇ ಪದ ಹೇಳಿಕೊಡ್ತಾಳೆ. ಅಮ್ಮನ ಬಿಸಿ ಉಸಿರು ಕಿವಿಗೆ ತಾಗ್ತಿದ್ದಿದ್ದು ಈಗಲೂ ನೆನಪಿದೆ ಅಂದ್ಳು. ಹಾಗೆ ಬೆಳೆದವಳಿಗೆ ಸಂಶಯ ಬಂದ್ರೆ ಅದು ಅಭಿಪ್ರಾಯ ಬದಲಾಗಿದ್ದು ಅಂತ ಅನ್ನಿಸಲ್ಲ, ಅಮ್ಮಂಗೆ ಮೋಸ ಮಾಡ್ತಿದೀನಿ ಅನ್ನಿಸುತ್ತೆ.

ನನ್ನ ಹತ್ರ ಬರೋಕೆ ಮುಂಚೆ ಎರಡು ಕಡೆ ಸಲಹೆ ಕೇಳಿದ್ಳು. ಒಬ್ಬರು ಹಿರಿಯರು ಇನ್ನೂ ಓದು, ಇನ್ನೂ ಪ್ರಾರ್ಥನೆ ಮಾಡು, ಟೆಂಪಲ್ಲಿಗೆ ಹೆಚ್ಚು ಹೋಗು ಅಂದ್ರು. ಚರ್ಚ್ ಬಿಟ್ಟವರ ಗುಂಪೊಂದು ಇವತ್ತೇ ರಾಜೀನಾಮೆ ಪತ್ರ ಹಾಕು, ನಿನ್ನ ಸತ್ಯ ನೀನು ಬದುಕು ಅಂತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು ಅಂತ ಒಪ್ಕೋತೀನಿ. ಇಬ್ಬರಿಗೂ ಬೇಕಾಗಿದ್ದು ಒಂದೇ, ಇವಳು ಈಗಿಂದೀಗ್ಲೇ ಒಂದು ಘೋಷಣೆ ಮಾಡಬೇಕು. ಹೊಟ್ಟೆನೋವು ಬರ್ತಿದ್ದಿದ್ದೇ ಅದಕ್ಕೆ. ಚರ್ಚು ಸತ್ಯವಾ ಸುಳ್ಳಾ ಅನ್ನೋದು ನನ್ನ ಕೆಲಸ ಅಲ್ಲ ಅಂತ ಸ್ಪಷ್ಟವಾಗಿ ಹೇಳ್ದೆ, ನಾನು ಆ ಧರ್ಮದವಳೂ ಅಲ್ಲ, ವಿರೋಧಿನೂ ಅಲ್ಲ. ನಂಬಿಕೆ ಒಂದು, ಮನೆಯವರು ಒಂದು, ಡಿಗ್ರಿ ಒಂದು, ತಂಗಿ ಮದುವೆ ಒಂದು, ಇವು ನಾಲ್ಕೂ ಬೇರೆ ಬೇರೆ ಗಂಟು, ಒಂದೊಂದೇ ಬಿಚ್ಚೋಣ, ಕೆಲವನ್ನ ಈ ವರ್ಷ ಬಿಚ್ಚೋದೇ ಬೇಡ ಅಂದೆ.

ಇಂಟರ್‌ವ್ಯೂ ಬಗ್ಗೆ ನಾನು ಹೇಳಿದ್ದು, ಸುಳ್ಳು ಹೇಳಿ ಕಾರ್ಡ್ ತಗೋಬೇಡ. ನೀತಿಪಾಠಕ್ಕಲ್ಲ. ನಂಬಿಕೆ ಹೋಗಿದೆ ಅಂತಾಳೆ, ಆದ್ರೆ ಟೆಂಪಲ್ ಬಟ್ಟೆಗಳನ್ನ ಈಗಲೂ ಸುಕ್ಕಿಲ್ಲದ ಹಾಗೆ ಮಡಿಸಿ ಬೇರೆ ಡ್ರಾಯರಲ್ಲಿ ಇಡ್ತಾಳೆ. ಆ ಜಾಗ ಇವಳಿಗೆ ಇನ್ನೂ ಪವಿತ್ರ. ಅಲ್ಲಿಗೆ ಸುಳ್ಳು ಹೇಳಿ ಹೋದವಳು ತಂಗಿ ಮದುವೆಯ ಪ್ರತಿ ಫೋಟೋ ನೋಡಿದಾಗಲೂ ಅದನ್ನೇ ನೆನೆಸ್ಕೋತಾಳೆ. ಹಾಗಂತ ಬಿಷಪ್ ಮುಂದೆ ಕೂತು ಮನಸ್ಸಲ್ಲಿರೋದೆಲ್ಲ ಬಿಚ್ಚಿ ಹೇಳ್ಬೇಕು ಅಂತಾನೂ ಇಲ್ಲ. ಅಪಾಯಿಂಟ್ಮೆಂಟ್ ತಗೋಬೇಡ ಅಷ್ಟೇ, ಕಾರ್ಡ್ ತಾನಾಗೇ ಎಕ್ಸ್‌ಪೈರ್ ಆಗ್ಲಿ, ಕೇಳಿದ್ರೆ ಸದ್ಯಕ್ಕೆ ರಿನ್ಯೂ ಮಾಡಿಸ್ತಿಲ್ಲ ಅನ್ನು.

ಡಿಗ್ರಿ ವಿಷಯ ಇನ್ನೂ ಸೂಕ್ಷ್ಮ. ಆ ಯೂನಿವರ್ಸಿಟಿಯಲ್ಲಿ ಪ್ರತಿ ವರ್ಷ ಚರ್ಚಿನ ಅಧಿಕಾರಿಯಿಂದ ಎಂಡೋರ್ಸ್‌ಮೆಂಟ್, ಅಂದ್ರೆ ಒಪ್ಪಿಗೆ, ಬೇಕು. ಬೇರೆ ಧರ್ಮದ ಸ್ಟೂಡೆಂಟ್ ಓದಬಹುದು, ಆದ್ರೆ ಚರ್ಚಿನ ಸದಸ್ಯರಾಗಿದ್ದು ರಾಜೀನಾಮೆ ಕೊಟ್ಟವರಿಗೆ ಆ ಎಂಡೋರ್ಸ್‌ಮೆಂಟ್ ನಿಲ್ಲಲ್ಲ. ಅಲ್ಲಿ ತಗೊಂಡ ಧರ್ಮದ ಕ್ರೆಡಿಟ್‌ಗಳು ಬೇರೆ ಕಡೆ ಲೆಕ್ಕಕ್ಕೆ ಬರ್ತವೆ ಅನ್ನೋ ಗ್ಯಾರಂಟಿನೂ ಇಲ್ಲ. ಹಾಗಾಗಿ ಡಿಗ್ರಿ ಕೈಗೆ ಬರೋ ತನಕ ಯಾವ ಪತ್ರಕ್ಕೂ ಸಹಿ ಹಾಕ್ಬೇಡ ಅಂದೆ, ಇದು ಹೇಡಿತನ ಅಲ್ವಾ ಅಂದ್ಳು, ಉಳಿದಿರೋದು ಎರಡೇ ಸೆಮಿಸ್ಟರ್, ಮತ್ತೆ ನೀನು ಚರ್ಚಿಗೆ ನಿಜವಾಗ್ಲೂ ಹೋಗ್ತಾನೇ ಇದೀಯಲ್ಲ, ಇದ್ರಲ್ಲಿ ಸುಳ್ಳೆಲ್ಲಿ ಬಂತು ಅಂದೆ. ಆದ್ರೆ ಎಂಡೋರ್ಸ್‌ಮೆಂಟಿಗೆ ಕೂತಾಗ ನೇರವಾಗಿ ನಂಬಿಕೆ ಬಗ್ಗೆ ಕೇಳಿದ್ರೆ ಏನು ಹೇಳ್ತೀಯ ಅಂತ ಮುಂಚೇನೇ ಯೋಚ್ನೆ ಮಾಡಿ, ಬೇರೆ ಯೂನಿವರ್ಸಿಟಿಗೆ ಅರ್ಜಿ ಹಾಕೋ ಕೊನೆ ದಿನಾಂಕ ಬರ್ದಿಟ್ಕೊ ಅಂತಾನೂ ಹೇಳ್ದೆ.

ಮನೆಯವರಿಗೆ ಹೇಳೋದರಲ್ಲಿ ಕ್ರಮ ಮುಖ್ಯ. ಮೊದಲು ತಂಗಿಗೆ, ಅಮ್ಮಂಗಲ್ಲ, ಯಾಕಂದ್ರೆ ಮದುವೆ ಅವಳದ್ದು, ಅಮ್ಮನ ಬಾಯಿಂದ ಗೊತ್ತಾದ್ರೆ ಆ ಗಾಯ ವಾಸಿ ಆಗಲ್ಲ. ಇತಿಹಾಸದ ಪ್ರಬಂಧಗಳನ್ನ ಯಾರಿಗೂ ಫಾರ್ವರ್ಡ್ ಮಾಡ್ಬೇಡ, ವಾದಕ್ಕೆ ಇಳೀಬೇಡ. ಮೂರೇ ವಾಕ್ಯ ಬರ್ಕೊಂಡ್ವಿ: ನನ್ನ ಕಾರ್ಡ್ ರಿನ್ಯೂ ಮಾಡಿಸ್ತಿಲ್ಲ, ಕಾರಣ ನಿನ್ನ ಮೇಲಿನ ಸಿಟ್ಟಲ್ಲ, ಆ ದಿನ ನಾನು ಬೆಳಿಗ್ಗೆಯಿಂದ ರಾತ್ರಿ ತನಕ ನಿನ್ನ ಜೊತೆ ಎಲ್ಲಿರಬಹುದೋ ಅಲ್ಲೆಲ್ಲ ಇರ್ತೀನಿ. ನನ್ನ ರೂಮಲ್ಲೇ ನಾಲ್ಕೈದು ಸಲ ಜೋರಾಗಿ ಹೇಳಿಸ್ದೆ, ಎರಡನೇ ವಾಕ್ಯಕ್ಕೆ ಬಂದಾಗೆಲ್ಲ ಅಳು.

ಅಮ್ಮ ಅತ್ರೆ ಅದನ್ನ ಎಮೋಷನಲ್ ಬ್ಲ್ಯಾಕ್‌ಮೇಲ್ ಅಂತ ತಗೋಬೇಡ ಅಂತಾನೂ ಹೇಳ್ದೆ. ಚರ್ಚ್ ಬಿಟ್ಟವರ ಗುಂಪುಗಳಲ್ಲಿ ಹಾಗೇ ಹೇಳಿಕೊಡ್ತಾರೆ, ನನಗದು ಒಪ್ಪಿಗೆ ಇಲ್ಲ. ಸೀಲಿಂಗ್ ನಂಬೋ ತಾಯಿಗೆ ಮಗಳು ದೂರ ಆದ್ರೆ ಪರಲೋಕದಲ್ಲಿ ಮನೆಮಂದಿ ಕೂತಿರೋವಾಗ ಒಂದು ಜಾಗ ಖಾಲಿ. ನಮ್ಮ ಕಡೆ ಪಿಂಡ ಇಡೋಕೆ ಯಾರೂ ಇಲ್ಲ ಅಂತ ಹಿರಿಯರು ಕೊರಗ್ತಾರಲ್ಲ, ಅದೇ ಜಾತಿಯ ಸಂಕಟ, ಅದರ ಮುಂದೆ ಲಾಜಿಕ್ ನಡೆಯಲ್ಲ.

ಕಾಫಿ ವಿಷಯಾನೂ ಬಂತು, ಬರದೇ ಇರುತ್ತಾ, ನಾನು ಆಫೀಸಲ್ಲೇ ಫಿಲ್ಟರ್ ಹಾಕೋಳು. ಆ ವಾಸನೆ ಎಷ್ಟು ಚೆನ್ನಾಗಿದೆ, ಒಂದು ಕಪ್ ಕುಡಿದುಬಿಡ್ಲಾ ಅಂದ್ಳು. ಇಲ್ಲಿ ಬಿಟ್ಟುಹೋಗೋರಿಗೆಲ್ಲ ಮೊದಲನೇ ಕಾಫಿ ಒಂದು ಸಂಸ್ಕಾರ ಇದ್ದ ಹಾಗೆ ಆಗಿಬಿಟ್ಟಿದೆ. ಕುಡಿಬೇಕು ಅನ್ಸಿದ್ರೆ ಕುಡಿ, ನನ್ನದೇನೂ ಅಭ್ಯಂತರ ಇಲ್ಲ, ಆದ್ರೆ ಯಾರಿಗೋ ಏನೋ ತೋರಿಸೋಕೆ ಕುಡೀಬೇಡ, ಮದುವೆ ಮುಗೀಲಿ ಅಂದೆ.

ಭಾನುವಾರದ್ದು ಏನು ಮಾಡೋದು? ಚರ್ಚಿನಲ್ಲಿ ಇವಳಿಗೆ ನಿಜವಾಗಿ ಇಷ್ಟ ಇರೋದೇನು ಅಂತ ಪಟ್ಟಿ ಮಾಡಿಸ್ದೆ. ಆರ್ಗನ್ನು, ಕಾಯಿಲೆ ಬಿದ್ದವರ ಮನೆಗೆ ಅಡುಗೆ ತಗೊಂಡು ಹೋಗೋದು, ಇಬ್ಬರು ಗೆಳತಿಯರು. ಕಷ್ಟ ಇರೋದು ಭಾನುವಾರದ ಪಾಠ ಮಾಡೋದು, ಆಮೇಲೆ ಸ್ಯಾಕ್ರಮೆಂಟ್ ಅನ್ನೋ ಪ್ರಸಾದದ ತಟ್ಟೆ. ಬ್ರೆಡ್ ಚೂರು, ಆಮೇಲೆ ಪುಟ್ಟ ಪುಟ್ಟ ಕಪ್ಪುಗಳಲ್ಲಿ ನೀರು, ಹನ್ನೆರಡು ವರ್ಷದ ಹುಡುಗರು ಟೈ ಕಟ್ಕೊಂಡು ಸಾಲು ಸಾಲಿಗೆ ತರ್ತಾರೆ, ಆರ್ಗನ್ ಇರೋದು ಎಲ್ಲರ ಕಣ್ಣ ಮುಂದೆ, ತಗೊಳ್ಳದೇ ತಟ್ಟೆ ವಾಪಸ್ ಕಳಿಸಿದ್ರೆ ಇವಳೇನೋ ತಪ್ಪು ಮಾಡಿರ್ಬೇಕು ಅಂತ ಮಧ್ಯಾಹ್ನದೊಳಗೆ ಗುಸುಗುಸು. ತಗೋಬೇಕೋ ಬೇಡವೋ ಅಂತ ನಾನು ಹೇಳಲಿಲ್ಲ, ಅದು ಅವಳ ಮತ್ತು ಅವಳ ದೇವರ ಮಧ್ಯದ್ದು. ಪಾಠ ಮಾಡೋ ಕೆಲಸದಿಂದ ಬಿಡುಗಡೆ ಕೇಳು, ಸಂಗೀತ ಇಟ್ಕೊ ಅಂದೆ. ಬಿಷಪ್ ಒಂದೇ ಮಾತಲ್ಲಿ ಒಪ್ಪಿದ್ರು, ಕಾರಣಾನೂ ಕೇಳಲಿಲ್ಲ. ಒಳ್ಳೆ ಮನುಷ್ಯ ಅನ್ಸುತ್ತೆ.

ತಂಗಿಗೆ ಹೇಳಿದಾಗ ಅವಳು ಎರಡು ವಾರ ಫೋನ್ ಎತ್ತಲಿಲ್ಲ. ಆಮೇಲೆ ತಾನೇ ಬಂದ್ಳು. ಮೊದಲೆಲ್ಲ ಅಮೆರಿಕದಲ್ಲಿ ಹೊರಗೆ ಸಿವಿಲ್ ಮದುವೆ ಮಾಡ್ಕೊಂಡ್ರೆ ಸೀಲಿಂಗಿಗೆ ಒಂದು ವರ್ಷ ಕಾಯಬೇಕಿತ್ತು, 2019ರಲ್ಲಿ ಆ ನಿಯಮ ತೆಗೆದ್ರು, ಹಾಗಾಗಿ ಎಲ್ಲರೂ ನೋಡೋ ಹಾಗೆ ಮೊದಲು ಹೊರಗೆ ಮದುವೆ, ಆಮೇಲೆ ಟೆಂಪಲ್ ಅಂತ ಮಾಡಬಹುದಿತ್ತು. ಗಂಡಿನ ಮನೆಯವರಿಗೆ ಇಷ್ಟ ಆಗಲಿಲ್ಲ. ಕೊನೆಗೆ ಸಂಜೆ ರಿಸೆಪ್ಷನ್ನಲ್ಲಿ ಉಂಗುರ ಬದಲಾಯಿಸೋ ಕಾರ್ಯಕ್ರಮ ಇಟ್ರು, ಅಲ್ಲಿ ಪಿಯಾನೋ ರೇಚಲ್‌ದು. ಸೀಲಿಂಗ್ ಹೊತ್ತಲ್ಲಿ ಇವಳು ವೇಟಿಂಗ್ ರೂಮಲ್ಲಿ ಗಂಡಿನ ಕಡೆ ಸಣ್ಣ ಮಕ್ಕಳು ಮತ್ತೆ ಕ್ಯಾಥೊಲಿಕ್ ಅಜ್ಜಿ ಒಬ್ಬರ ಜೊತೆ ಕೂತಿದ್ಳು, ಅಜ್ಜಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಊಟ ಎಷ್ಟು ಗಂಟೆಗೆ ಅನ್ನೋದು. ಸುಲಭವಾಗಿರಲಿಲ್ಲ ಅಂದ್ಳು, ಆದ್ರೆ ಹೊಟ್ಟೆನೋವು ಬರಲಿಲ್ಲ ಅಂತ ಅವಳಿಗೇ ಆಶ್ಚರ್ಯ.

ಮದುವೆ ಆದ್ಮೇಲೆ ಅಪ್ಪ ಅಮ್ಮ ಒಂದು ಸಲ ಬಂದ್ರು. ಅಪ್ಪ ಕೇಳಿದ್ದು ಒಂದೇ, ಅವಳು ವಾಪಸ್ ಬರ್ತಾಳಾ. ಗೊತ್ತಿಲ್ಲ ಸರ್ ಅಂದೆ. ಪ್ರತಿ ಭಾನುವಾರ ಅವಳಿಗೆ ಪ್ರವಚನದ ಲಿಂಕ್ ಕಳಿಸೋದು ನಿಲ್ಲಿಸಿ, ಊಟಕ್ಕೆ ಕರೀರಿ, ಊಟಕ್ಕೆ ಬಂದಾಗ ಚರ್ಚಿಗೆ ಹೋಗಿದ್ಯಾ ಅಂತ ಕೇಳ್ಬೇಡಿ, ಸಂಬಂಧಿಕರ ಮುಂದೆ ಅವಳಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಹೇಳ್ಕೊಂಡು ತಿರುಗಬೇಡಿ, ಮನೇಲಿ ನೀವಿಬ್ಬರೇ ಪ್ರಾರ್ಥನೆ ಮಾಡೋದಕ್ಕೆ ಯಾರೂ ಅಡ್ಡ ಬರಲ್ಲ. ಅಮ್ಮ ನೋಟ್ ಮಾಡ್ಕೊಂಡ್ರು. ಲಿಂಕ್ ಬರೋದು ಕಮ್ಮಿ ಆಗಿದೆಯಂತೆ, ಪೂರ್ತಿ ನಿಂತಿಲ್ಲ.

ಬೆಂಗಳೂರಲ್ಲೂ ಈ ಚರ್ಚು ಬೆಳೀತಿದೆ, 2018ರಲ್ಲಿ ಅಲ್ಲಿಗೊಂದು ಟೆಂಪಲ್ ಘೋಷಣೆ ಆಗಿ 2020ರಲ್ಲಿ ಗುದ್ದಲಿ ಹಾಕಿದ್ರು, ಅಲ್ಲಿ ಸೇರಿರೋ ಹುಡುಗ ಹುಡುಗಿಯರಿಗೆ ಮನೆಯವರ ಜೊತೆ ತಿಕ್ಕಾಟ ಇದೇ ಥರದ್ದು, ದಿಕ್ಕು ಉಲ್ಟಾ ಅಷ್ಟೇ. ಅಂಥವರ ಮನೆಯಲ್ಲೂ ಮೊದಲು ಯಾರಿಗೆ ಹೇಳೋದು, ಯಾವ ತೀರ್ಮಾನ ಮುಂದಕ್ಕೆ ಹಾಕೋದು ಅನ್ನೋದು ಉಪಯೋಗಕ್ಕೆ ಬರಬಹುದು.

ರೇಚಲ್ ಈಗ ಎರಡು ವಾರಕ್ಕೊಮ್ಮೆ ಬರ್ತಾಳೆ. ಒಂದು ಸೆಮಿಸ್ಟರ್ ಮುಗೀತು, ಎಂಡೋರ್ಸ್‌ಮೆಂಟ್ ಆಯ್ತು. ಫಿಲಿಪ್ಪೀನ್ಸ್ ಹೆಂಗಸಿನ ಮೆಸೇಜುಗಳಿಗೆ ಮಾತ್ರ ಇನ್ನೂ ಉತ್ತರ ಬರೆದಿಲ್ಲ. ಆಗ ನೀನು ನಂಬಿದ್ದನ್ನೇ ಹೇಳಿದ್ದೆ, ಮೋಸ ಮಾಡಿಲ್ಲ ಅಂತ ನಾನು ಹೇಳಿದ್ದಕ್ಕೆ ತಲೆ ಆಡಿಸ್ತಾಳೆ, ಒಪ್ಪಲ್ಲ. ಆಕೆಗೆ ಚರ್ಚು ಚೆನ್ನಾಗೇ ಹಿಡಿಸಿದೆಯಂತೆ, ಇವಳ ಸಂಶಯ ಆಕೆಗೆ ಬೇಕಾ ಬೇಡವಾ ಅನ್ನೋದು ಇವಳೊಬ್ಬಳೇ ತೀರ್ಮಾನ ಮಾಡೋ ವಿಷಯಾನೂ ಅಲ್ಲ. ಮುಂದಿನ ಭೇಟಿಗೆ ಒಂದು ಡ್ರಾಫ್ಟ್ ಬರ್ಕೊಂಡು ಬಾ, ಧರ್ಮದ ಸುದ್ದಿ ಎತ್ತದೆ, ಹೇಗಿದೀಯ, ನಿನ್ನ ಅಕ್ಕ ಈಗ ಮಾತಾಡ್ತಾಳಾ ಅಂತ ಕೇಳೋ ಅಷ್ಟು ಮಾತ್ರ ಅಂತ ಹೇಳಿ ಕಳಿಸಿದೀನಿ.