ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಕಡೆ ನೋಡಿ

ಕಾಫಿ ಕೊಯ್ಲು ಶುರುವಾದರೆ ಸಾಕು, ಮಲೆನಾಡಿನಿಂದ ಡೀಸೆಲ್ ಜೀಪಿನ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಚಳಿ, ಮಂಜು, ಹಳೇ ಗಾಡಿ, ಮೇಲೆ ಕೆಲಸದ ಒತ್ತಡ. ಈ ಸಲ ಅಂಥ ನಾಲ್ಕು ಪ್ರಶ್ನೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮ ತೋಟ. ತೊಂಬತ್ತರ ದಶಕದ ಮಹೀಂದ್ರಾ ಎಂಎಂ 540 ಇದೆ, ಪ್ಯೂಜೊ ಡೀಸೆಲ್ ಇಂಜಿನ್, ಫೋರ್ ವೀಲ್ ಡ್ರೈವ್. ಬೆಳಿಗ್ಗೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಇಂಜಿನ್ ಹಿಡಿಯುವುದಿಲ್ಲ. ಬಿಸಿಲೇರಿದ ಮೇಲೆ ಒಂದಷ್ಟು ಒದ್ದಾಡಿಸಿದರೆ ಹಿಡಿಯುತ್ತದೆ. ಒಮ್ಮೆ ಓಡಿದರೆ ಸಂಜೆವರೆಗೂ ತಕರಾರಿಲ್ಲ. ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ಈಗ ಡೀಸೆಲ್ ಪಂಪ್ ಬಿಚ್ಚಬೇಕು ಅಂತಿದ್ದಾರೆ. ಬಿಚ್ಚಿಸಲಾ? ಶೆಡ್ಡಿನ ನೆಲ ಇಳಿಜಾರು, ಗಾಡಿಯ ಮೂತಿ ಮೇಲಕ್ಕಿರುವ ಹಾಗೆ ನಿಲ್ಲಿಸುತ್ತೇವೆ.

ಉತ್ತರ: ಈಗಲೇ ಬಿಚ್ಚಿಸಬೇಡಿ. ಪಂಪ್ ಒಳಗೆ ಸವೆದಿದ್ದರೆ ತಕರಾರು ಹೆಚ್ಚಾಗಿ ಉಲ್ಟಾ ಇರುತ್ತದೆ. ತಣ್ಣಗಿದ್ದಾಗ ಹಿಡಿಯುತ್ತದೆ, ಬಿಸಿಯಾದ ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೋಡಿದರೆ ಹಿಡಿಯುವುದಿಲ್ಲ, ಯಾಕಂದರೆ ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿಯಲ್ಲೇ ಜಾರಿಹೋಗುತ್ತದೆ. ನಿಮ್ಮದು ಹಾಗಿಲ್ಲ, ಅಲ್ವಾ?

ಯಾವ ಸಾಮಾನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ. ಹೊಗೆ ಬರುತ್ತಾ? ಬಂದರೆ ಯಾವ ಬಣ್ಣ?

ಬಿಳಿ ಹೊಗೆ, ಅದರಲ್ಲಿ ಹಸಿ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಅಂದರೆ ಶಾಖ ಸಾಲದು. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಸಿಲಿಂಡರಿಗೆ ಮುಟ್ಟುತ್ತಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ. ಇದನ್ನು ನೋಡದೆ ಕೈಗೆ ಸಿಕ್ಕಿದ್ದನ್ನೆಲ್ಲ ಬದಲಾಯಿಸುತ್ತಾ ಹೋಗುವುದರಿಂದಲೇ ಒಳ್ಳೊಳ್ಳೆ ಗಾಡಿಗಳು ಗುಜರಿಗೆ ಹೋಗುತ್ತಿವೆ, ನನಗೆ ನಿಜವಾಗಿಯೂ ಬೇಜಾರಾಗುವ ಸಂಗತಿ ಇದು.

ಬಿಳಿ ಹೊಗೆ ಬಂತು ಅಂತಿಟ್ಟುಕೊಳ್ಳಿ. ಆಗ ಮೊದಲ ಅನುಮಾನ ಹೀಟರ್ ಪ್ಲಗ್ ಮೇಲೆ. ನಿಮ್ಮ ಇಂಜಿನ್‌ನಲ್ಲಿ ಡೀಸೆಲ್ ಸೀದಾ ಪಿಸ್ಟನ್ ಮೇಲೆ ಬೀಳುವುದಿಲ್ಲ. ಹೆಡ್ಡಿನಲ್ಲಿರುವ ಒಂದು ಪುಟ್ಟ ಕೋಣೆಗೆ ಬಿದ್ದು ಅಲ್ಲಿ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಆ ಕೋಣೆಯ ಗೋಡೆಯೇ ಶಾಖ ಹೀರಿಬಿಡುತ್ತದೆ, ಅದಕ್ಕೇ ಹೀಟರ್ ಬೇಕು. ನಾಲ್ಕರಲ್ಲಿ ಎರಡು ಸತ್ತಿದ್ದರೂ ಮಧ್ಯಾಹ್ನ ಹೇಗೋ ನಡೆಯುತ್ತದೆ, ಬೆಳಗಿನ ಮಂಜಿನಲ್ಲಿ ನಡೆಯುವುದಿಲ್ಲ. ಪರೀಕ್ಷೆ ಸುಲಭ. ಪ್ಲಗ್‌ಗಳ ತಲೆಯನ್ನು ಜೋಡಿಸಿರುವ ಪಟ್ಟಿ ಬಿಚ್ಚಿ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ತುದಿ ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಿ. ಬಲ್ಬ್ ಉರಿಯದಿದ್ದರೆ ಆ ಪ್ಲಗ್ ಹೋಗಿದೆ. ನಾಲ್ಕೂ ಸರಿ ಇದ್ದರೆ ಪಟ್ಟಿ ಮತ್ತೆ ಹಾಕಿ, ಹೀಟರ್ ಆನ್ ಮಾಡಿದಾಗ ಅದಕ್ಕೆ ಕರೆಂಟ್ ಬರುತ್ತಾ ಮೀಟರ್‌ನಲ್ಲಿ ನೋಡಿ. ಬರದಿದ್ದರೆ ರಿಲೇ ಅಥವಾ ವೈರು. ಶೆಡ್ಡಿನಲ್ಲಿ ನಿಲ್ಲುವ ಗಾಡಿ ಅಂದಮೇಲೆ ಇಲಿ ಕಡಿದಿರುವ ಸಾಧ್ಯತೆ ಜಾಸ್ತಿ, ವೈರನ್ನು ಕೈಯಲ್ಲಿ ಸವರುತ್ತಾ ಕೊನೆವರೆಗೂ ಹೋಗಿ.

ಈಗ ಇನ್ನೊಂದು ದಾರಿ, ಹೊಗೆಯೇ ಬರಲಿಲ್ಲ. ಮೊದಲು ಸ್ಟಾಪ್ ಕೇಬಲ್ ನೋಡಿ. ಇಂಜಿನ್ ನಿಲ್ಲಿಸಲು ಎಳೆಯುವ ಗುಬುಟು ಇರುವ ಗಾಡಿಯಾದರೆ, ಅದನ್ನು ಪೂರ್ತಿ ಒಳಗೆ ತಳ್ಳಿದ್ದರೂ ಕೇಬಲ್ ತುಕ್ಕು ಹಿಡಿದು ಪಂಪಿನ ಲಿವರ್ ಹಿಂದಕ್ಕೆ ಬಾರದೆ ಉಳಿದಿರಬಹುದು. ಬಾನೆಟ್ ಎತ್ತಿ ಲಿವರನ್ನು ಬೆರಳಲ್ಲೇ ಸರಿಸಿ ನೋಡಿ. ಕೀಲಿಯಿಂದ ನಿಲ್ಲುವ ಗಾಡಿಯಾದರೆ ಪಂಪಿನ ಮೇಲೆ ಕರೆಂಟಿನಿಂದ ಡೀಸೆಲ್ ದಾರಿ ತೆರೆಯುವ ಸೊಲೆನಾಯ್ಡ್ ಇರುತ್ತದೆ. ಕೀಲಿ ಆನ್ ಮಾಡಿದಾಗ ಅದು ಸಣ್ಣಗೆ ಟಿಕ್ ಅನ್ನಬೇಕು. ಅನ್ನದಿದ್ದರೆ ಅದರ ವೈರ್ ನೋಡಿ.

ಅದೂ ಸರಿ ಇದ್ದರೆ ಏರ್ ಹಿಡಿದಿದೆ. ನೀವು ಬರೆದಿರುವ ಆ ಇಳಿಜಾರಿನ ಮಾತು ಓದಿದ ಕೂಡಲೇ ನನಗೆ ಇದೇ ಅನಿಸಿತು. ಟ್ಯಾಂಕ್ ಹಿಂದೆ, ಕೆಳಗಿದೆ. ಇಂಜಿನ್ ಮುಂದೆ, ಮೇಲಿದೆ. ಪೈಪಿನಲ್ಲಿ ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ರಾತ್ರಿಯೆಲ್ಲ ಅಲ್ಲಿಂದ ಗಾಳಿ ಒಳಗೆ ಹೋಗಿ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ. ಎಲ್ಲೂ ಡೀಸೆಲ್ ತೊಟ್ಟಿಕ್ಕುತ್ತಿಲ್ಲವಲ್ಲ ಅಂತ ಕೇಳಬಹುದು. ತೊಟ್ಟಿಕ್ಕಬೇಕಾಗಿಲ್ಲ. ಎಳನೀರಿನ ಸ್ಟ್ರಾ ಸೀಳಿದ್ದರೆ ನೀರು ಹೊರಗೆ ಸೋರುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ, ಇದೂ ಹಾಗೆಯೇ, ಟ್ಯಾಂಕಿನಿಂದ, ಡೀಸೆಲ್ ಎಳೆದು ತರುವ ಫೀಡ್ ಪಂಪಿನವರೆಗೆ ಎಳೆತವೇ ಹೊರತು ಒತ್ತಡ ಇಲ್ಲ.

ಇವತ್ತು ರಾತ್ರಿ ಗಾಡಿಯನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬೆಳಿಗ್ಗೆ ಸಲೀಸಾಗಿ ಹಿಡಿದರೆ ಕಾಯಿಲೆ ಹೆಚ್ಚುಕಡಿಮೆ ಸಿಕ್ಕ ಹಾಗೆ. ಖಚಿತ ಮಾಡಿಕೊಳ್ಳಲು ಹಳೇ ಮೆಕ್ಯಾನಿಕ್‌ಗಳ ಒಂದು ಉಪಾಯವಿದೆ. ಒಂದು ಕ್ಯಾನಿಗೆ ಶುದ್ಧ ಡೀಸೆಲ್ ತುಂಬಿ ಇಂಜಿನ್‌ಗಿಂತ ಎತ್ತರದಲ್ಲಿ ಕಟ್ಟಿ, ಅದರಿಂದ ಪೈಪನ್ನು ಸೀದಾ ಫೀಡ್ ಪಂಪಿಗೆ ಕೊಟ್ಟು, ಏರ್ ತೆಗೆದು, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಹಿಡಿಯಿತಾ? ಹಾಗಾದರೆ ಪಂಪ್, ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ಎಲ್ಲ ಚೆನ್ನಾಗಿವೆ, ತಕರಾರಿರುವುದು ಟ್ಯಾಂಕ್ ಮತ್ತು ಫೀಡ್ ಪಂಪಿನ ಮಧ್ಯೆ. ರಬ್ಬರ್ ಪೈಪಿನ ತುದಿಗಳನ್ನು ಮಡಚಿ ನೋಡಿ, ಸಣ್ಣ ಸಣ್ಣ ಗೆರೆ ಕಂಡರೆ ಬದಲಾಯಿಸಿ. ಫಿಲ್ಟರ್ ಬಟ್ಟಲಿನ ರಬ್ಬರ್ ರಿಂಗ್ ಹೊಸದು ಹಾಕಿ. ಜಾಯಿಂಟ್ ಬೋಲ್ಟ್‌ಗಳ ತಾಮ್ರದ ವಾಷರ್‌ಗಳನ್ನು ಬಿಚ್ಚಿದ ಮೇಲೆ ಹಳೆಯದನ್ನೇ ಹಾಕಬೇಡಿ, ಅವಕ್ಕೆ ಆಗುವ ಖರ್ಚು ಒಂದು ಊಟದಷ್ಟೂ ಇಲ್ಲ.

ಏರ್ ತೆಗೆಯುವುದು ಹೀಗೆ: ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಯಿಂದ ಡೀಸೆಲ್ ತಳ್ಳುವ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಇರಿ. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ತಿಳಿ ಡೀಸೆಲ್ ಬರುತ್ತದೆ. ಆಗ ಬಿಗಿ ಮಾಡಿ. ಬೇಕಾದರೆ ಪಂಪಿನ ಸ್ಕ್ರೂ, ಕೊನೆಗೆ ನಾಝಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯಿರಿ. ಆಗ ಮಾತ್ರ ಕೈ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗಿದರೆ ಚಿಕ್ಕ ಗಾಯದಂತೆ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಹೀಟರ್ ಸರಿ, ಡೀಸೆಲ್ ಸರಿ, ಆದರೂ ಬಿಳಿ ಹೊಗೆ ಅಂದರೆ ಮಾತ್ರ, ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತುತ್ತದೆ ಅಂತ ಅಳೆಯುವ ಕಂಪ್ರೆಶನ್ ಗೇಜ್ ಹಾಕಿಸಿ. ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ಸಮ ತೋರಿಸಬೇಕು, ಒಂದು ತೀರಾ ಕೆಳಗಿದ್ದರೆ ವಾಲ್ವ್ ಅಥವಾ ರಿಂಗ್. ನಿಮ್ಮ ಕಡೆ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರ, ಗಾಳಿ ತೆಳು. ಮಂಗಳೂರಿನಲ್ಲಿ ಹೇಗೋ ಹಿಡಿಯುವ ಸವೆದ ಇಂಜಿನ್ ನಿಮ್ಮ ತೋಟದ ಚಳಿಯಲ್ಲಿ ಹಿಡಿಯದೆ ಹೋಗಬಹುದು.

ಪ್ರಶ್ನೆ: ಸಕಲೇಶಪುರದಿಂದ ಬರೆಯುತ್ತಿದ್ದೇನೆ. ನಮ್ಮ ಹಳೇ ಜೀಪಿನಲ್ಲಿ ಕೀಲಿ ತಿರುಗಿಸಿದರೆ ಬರೀ ಟಕ್ ಅನ್ನುತ್ತದೆ, ಇಂಜಿನ್ ತಿರುಗುವುದೇ ಇಲ್ಲ. ಸೆಲ್ಫ್ ಮೋಟರ್ ಹೋಯಿತಾ?

ಉತ್ತರ: ಇರಬಹುದು, ಆದರೆ ಮೊದಲು ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸಿ. ಲೈಟು ಪೂರ್ತಿ ಮಂಕಾದರೆ ಹೆಚ್ಚಾಗಿ ಬ್ಯಾಟರಿ ಅಥವಾ ಟರ್ಮಿನಲ್. ಲೈಟು ಹಾಗೇ ಇದ್ದರೆ ಸೆಲ್ಫಿನ ಸೊಲೆನಾಯ್ಡ್ ಅಥವಾ ಮೋಟರ್. ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಘಟ್ಟದ ಮಳೆಯಲ್ಲಿ ಓಡುವ ಗಾಡಿಗಳಲ್ಲಿ ಯಾರೂ ನೋಡದ ಜಾಗ ಅಂದರೆ ಇಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ. ಹೊರಗಿನಿಂದ ಗಟ್ಟಿಯಾಗೇ ಕಾಣುತ್ತದೆ, ಬೋಲ್ಟ್ ಬಿಚ್ಚಿದರೆ ಕೆಳಗೆ ಹಸಿರು ಪುಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿ ಇಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿ. ಮೋಟರ್ ಬಿಚ್ಚುವುದು ಆಮೇಲೆ.

ಪ್ರಶ್ನೆ: ಕಳಸದಲ್ಲಿ ನಮ್ಮ ಡ್ರೈವರ್ ಚಳಿಯಿದ್ದಾಗ ಏರ್ ಫಿಲ್ಟರ್ ತೆಗೆದು ಪೆಟ್ರೋಲ್ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುತ್ತಾನೆ. ಏನಾದರೂ ತೊಂದರೆಯಾ?

ಉತ್ತರ: ತೊಂದರೆಯೇ. ಇವತ್ತಿಂದಲೇ ನಿಲ್ಲಿಸಿ. ಡೀಸೆಲ್ ಇಂಜಿನ್‌ನಲ್ಲಿ ಇಂಧನ ಸರಿಯಾದ ಹೊತ್ತಿಗೆ ನಾಝಲಿನಿಂದ ಬರಬೇಕು. ಗಾಳಿ ಜೊತೆ ಬಂದ ಪೆಟ್ರೋಲ್ ಆವಿ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸಿಡಿಯುತ್ತದೆ. ರಿಂಗ್ ಮುರಿಯುತ್ತದೆ, ಪಿಸ್ಟನ್ ಬಿರುಕು ಬಿಡುತ್ತದೆ. ಹೀಟರ್ ಕಾದಿದ್ದರಂತೂ ಆ ಬೆಂಕಿ ಹೊರಗೆ, ಬಟ್ಟೆ ಹಿಡಿದವನ ಮುಖಕ್ಕೇ ಬರಬಹುದು. ಸ್ಟಾರ್ಟಿಂಗ್ ಸ್ಪ್ರೇ ಕೂಡ ಹೀಟರ್ ಇರುವ ಇಂಜಿನ್‌ಗೆ ಬೇಡ. ಅವನಿಗೆ ಬೈಯಬೇಡಿ, ಕೆಲಸ ನಿಲ್ಲಬಾರದು ಅಂತ ಮಾಡುತ್ತಿದ್ದಾನೆ. ಹೀಟರ್ ಪ್ಲಗ್ ಪರೀಕ್ಷೆ ಮಾಡಿಸಿಕೊಡಿ.

ಪ್ರಶ್ನೆ: ಬೇಲೂರಿನ ಮನೆಯಲ್ಲಿ ಅಪ್ಪನ ಡೀಸೆಲ್ ಜೀಪ್ ಒಂದು ವರ್ಷಕ್ಕೂ ಜಾಸ್ತಿ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಬಹುದಾ?

ಉತ್ತರ: ಬ್ಯಾಟರಿ ಕೊನೆಗೆ ಹಾಕಿ. ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಮಟ್ಟ ಮೇಲೇರಿದ್ದರೆ, ಅಥವಾ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಒಳಗೆ ಡೀಸೆಲ್ ಅಥವಾ ನೀರು ಸೇರಿದೆ. ಆಗ ತಿರುಗಿಸಲೇಬೇಡಿ, ತಳ್ಳಿ ಸ್ಟಾರ್ಟ್ ಮಾಡಲಂತೂ ಹೋಗಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಅದು ಒತ್ತಿಕೊಳ್ಳುವುದಿಲ್ಲ, ಪಿಸ್ಟನ್ ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಏರ್ ಫಿಲ್ಟರ್ ಡಬ್ಬಿ ತೆರೆದು ಇಲಿ ಗೂಡು ಇದೆಯಾ ನೋಡಿ. ಟ್ಯಾಂಕಿನ ಹಳೇ ಡೀಸೆಲ್ ಪೂರ್ತಿ ಇಳಿಸಿ. ಅರ್ಧ ಖಾಲಿ ಟ್ಯಾಂಕ್ ಮಳೆಗಾಲ ಕಳೆದಿದ್ದರೆ ಅಡಿಯಲ್ಲಿ ನೀರು, ಕಪ್ಪು ಲೋಳೆ ಇದ್ದೇ ಇರುತ್ತದೆ. ಅದು ಪಂಪಿಗೆ ಹೋದರೆ ದೊಡ್ಡ ಖರ್ಚು. ಫಿಲ್ಟರ್ ಹೊಸದು ಹಾಕಿ. ಆಮೇಲೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ನನ್ನು ಮುಂದಿನ ಪುಲ್ಲಿ ನಟ್ಟಿನಿಂದ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಈಗ ಬ್ಯಾಟರಿ ಹಾಕಿ. ಸ್ಟಾಪ್ ಕೇಬಲ್ ಎಳೆದು ಹಿಡಿದೇ ಹತ್ತು ಸೆಕೆಂಡಿನಂತೆ, ನಡುವೆ ಬಿಡುವು ಕೊಟ್ಟು, ಆಯಿಲ್ ಪ್ರೆಶರ್ ದೀಪ ಆರುವವರೆಗೆ ಸೆಲ್ಫ್ ಹೊಡೆಯಿರಿ. ದೀಪ ಆರಿದ ಮೇಲೆ ಕೇಬಲ್ ಒಳಗೆ ತಳ್ಳಿ, ಏರ್ ತೆಗೆದು, ಹೀಟರ್ ಹಾಕಿ ಸ್ಟಾರ್ಟ್ ಮಾಡಿ. ರಸ್ತೆಗಿಳಿಸುವ ಮೊದಲು ಬ್ರೇಕ್ ಒತ್ತಿ ನೋಡಿ, ಇಷ್ಟು ದಿನ ನಿಂತ ಗಾಡಿಯಲ್ಲಿ ವೀಲ್ ಸಿಲಿಂಡರ್ ಹಿಡಿದುಕೊಂಡಿರುವುದು ಸಾಮಾನ್ಯ.